ಅಜ್ಜಿ ಪ್ರಾರ್ಥನೆ ಮಾಡದ ರಾತ್ರಿ

ನಮ್ಮ ಮನೆಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಇರುತ್ತಿತ್ತು. ಬೈಬಲ್‌ನಿಂದ ದಿನಕ್ಕೊಂದು ಅಧ್ಯಾಯ. ಅಜ್ಜಿ ಓದುತ್ತಿದ್ದರು, ನಾವು ಮಕ್ಕಳು ಚಾಪೆ ಮೇಲೆ ಕೂತು ಕೇಳುತ್ತಿದ್ದೆವು. ಮೊದಲ ಪುಸ್ತಕ ಆದಿಕಾಂಡದಿಂದ ಶುರು ಮಾಡಿದರೆ ಕೊನೆಯವರೆಗೆ ಸಾಲಾಗಿ ಓದಬೇಕು, ಒಂದನ್ನೂ ಹಾರಿಸಬಾರದು, ಇದು ಅಜ್ಜಿಯ ಹಟ. ಬರೀ ಹೆಸರುಗಳೇ ತುಂಬಿದ ವಂಶಾವಳಿ ಬಂದರೂ ಕನ್ನಡಕ ಸರಿ ಮಾಡಿಕೊಂಡು, ಬೆರಳಿಟ್ಟು, ಒಂದೊಂದೇ ಹೆಸರು ಓದುತ್ತಿದ್ದರು. ಓದು ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಬೇಕು. ಅಜ್ಜಿಯ ಪ್ರಾರ್ಥನೆ ಉದ್ದ. ಅಡುಗೆಮನೆಯಲ್ಲಿ ಸಾರು ಆರಿ ಹೋಗುತ್ತಿತ್ತು.

ಒಂದು ರಾತ್ರಿ ನ್ಯಾಯಸ್ಥಾಪಕರು ಅನ್ನುವ ಪುಸ್ತಕದ 11ನೆಯ ಅಧ್ಯಾಯ ಬಂತು. ಯೆಪ್ತಾಹನ ಕಥೆ. ಕ್ರೈಸ್ತರಲ್ಲದವರಿಗೆ ಗೊತ್ತಿರಲಿಕ್ಕಿಲ್ಲ, ನಮ್ಮವರಲ್ಲೂ ತುಂಬಾ ಜನಕ್ಕೆ ಗೊತ್ತಿಲ್ಲ, ಯಾಕೆಂದರೆ ಭಾನುವಾರ ಚರ್ಚಿನಲ್ಲಿ ಪಾದ್ರಿ ಮಾಡುವ ಪ್ರಸಂಗದಲ್ಲಿ ಇದು ಬರುವುದೇ ಅಪರೂಪ. ಅದಕ್ಕೆ ಮೊದಲು ಕಥೆ ಹೇಳಿಬಿಡುತ್ತೇನೆ.

ಯೆಪ್ತಾಹ ಇಸ್ರಾಯೇಲಿನ ಗಿಲ್ಯಾದ್ ಸೀಮೆಯವನು. ಇವನ ತಾಯಿ ವೇಶ್ಯೆ, ಅಪ್ಪನ ಆಸ್ತಿಯಲ್ಲಿ ಪಾಲಿಲ್ಲ ಅಂತ ಅಣ್ಣತಮ್ಮಂದಿರೇ ಮನೆಯಿಂದ ಓಡಿಸಿರುತ್ತಾರೆ. ಆಮೇಲೆ ಪಕ್ಕದ ನಾಡಿನ ಅಮ್ಮೋನಿಯರ ಜೊತೆ ಯುದ್ಧ ಬರುತ್ತದೆ. ಅದೇ ಊರಿನ ಹಿರಿಯರು ಬಂದು, ನೀನೇ ನಮ್ಮ ನಾಯಕನಾಗು ಅಂತ ಬೇಡಿಕೊಳ್ಳುತ್ತಾರೆ. ಅವನು ಒಂದು ಹರಕೆ ಹೊತ್ತುಕೊಳ್ಳುತ್ತಾನೆ. ಗೆದ್ದು ಬಂದಾಗ ನನ್ನ ಮನೆ ಬಾಗಿಲಿಂದ ನನ್ನನ್ನು ಎದುರುಗೊಳ್ಳಲು ಏನು ಬರುತ್ತದೋ ಅದು ದೇವರದ್ದು, ಅದನ್ನು ಸರ್ವಾಂಗಹೋಮ ಮಾಡುತ್ತೇನೆ, ಅಂದರೆ ಪೂರ್ತಿ ಸುಟ್ಟು ಬಲಿ ಕೊಡುತ್ತೇನೆ ಅಂತ. ಗೆಲ್ಲುತ್ತಾನೆ. ಮಿಚ್ಪ ಅನ್ನುವ ಊರಿನ ತನ್ನ ಮನೆಗೆ ಬರುತ್ತಾನೆ. ದಮ್ಮಡಿ ಬಡಿಯುತ್ತಾ, ಕುಣಿಯುತ್ತಾ ಹೊರಗೆ ಬರುವವಳು ಅವನ ಮಗಳು. ಒಬ್ಬಳೇ ಮಗಳು.

ಅಪ್ಪ ಬಟ್ಟೆ ಹರಿದುಕೊಳ್ಳುತ್ತಾನೆ. ಹರಿದುಕೊಂಡು ಏನು ಹೇಳುತ್ತಾನೆ ಗೊತ್ತಾ? ಅಯ್ಯೋ ಮಗಳೇ, ನನ್ನನ್ನು ಕುಗ್ಗಿಸಿಬಿಟ್ಟೆಯಲ್ಲ, ನನಗೆ ಸಂಕಟ ತಂದಿಟ್ಟೆಯಲ್ಲ ಅನ್ನುತ್ತಾನೆ. ತಪ್ಪು ಅವಳ ತಲೆಗೆ. ಅವಳು ಎರಡು ತಿಂಗಳು ಟೈಮ್ ಕೇಳುತ್ತಾಳೆ. ಗೆಳತಿಯರ ಜೊತೆ ಬೆಟ್ಟಕ್ಕೆ ಹೋಗಿ ಅತ್ತು ಬರುತ್ತೇನೆ ಅನ್ನುತ್ತಾಳೆ. ಹೋಗುತ್ತಾಳೆ, ವಾಪಸ್ ಬರುತ್ತಾಳೆ. ಅಪ್ಪ ಹರಕೆ ತೀರಿಸುತ್ತಾನೆ. 40 ವಚನದ ಅಧ್ಯಾಯ, ಅವಳ ಹೆಸರು ಒಂದು ಸಲವೂ ಇಲ್ಲ.

ಅಜ್ಜಿ 40ನೆಯ ವಚನ ಓದಿ ಪುಸ್ತಕ ಮುಚ್ಚಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. ನಾವು ಕಣ್ಣು ಮುಚ್ಚಿ ಕಾಯುತ್ತಿದ್ದೆವು. ಪ್ರಾರ್ಥನೆ ಶುರುವಾಗಲಿಲ್ಲ. "ಬಾಯಿ ಮುಚ್ಕೊಂಡು ಯುದ್ಧಕ್ಕೆ ಹೋಗೋಕೆ ಆಗ್ಲಿಲ್ವಾ ಅವನಿಗೆ" ಅಂದರು, ತಮಗೆ ತಾವೇ ಹೇಳಿಕೊಂಡ ಹಾಗೆ. ಎದ್ದು ಹೋಗಿ ಊಟ ಬಡಿಸಿದರು.

ಅದೇ ಕಥೆಯನ್ನು ಆಮೇಲೊಂದು ಸಲ ಸಂಡೇ ಸ್ಕೂಲಿನಲ್ಲಿ ಕೇಳಿದೆ. ಅಲ್ಲಿ ಪಾಠವೇ ಬೇರೆ. ದೇವರಿಗೆ ಕೊಟ್ಟ ಮಾತನ್ನು ಏನೇ ಆದರೂ ಉಳಿಸಿಕೊಳ್ಳಬೇಕು, ಯೆಪ್ತಾಹ ಉಳಿಸಿಕೊಂಡ, ಮಗಳು ಅಪ್ಪನಿಗೆ ಎದುರು ಮಾತಾಡಲಿಲ್ಲ, ನೀವೂ ಹಾಗೇ ಇರಬೇಕು. ಆ ಕೊನೆಯ ಮಾತನ್ನು ಟೀಚರ್ ಹುಡುಗಿಯರ ಬೆಂಚಿನ ಕಡೆ ನೋಡಿಕೊಂಡೇ ಹೇಳಿದರು. ಇವತ್ತಿಗೂ ನನಗೆ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ.

ಒಂದೇ ಅಧ್ಯಾಯ. ಇಬ್ಬರೂ ನಂಬಿಕೆ ಇರುವವರು, ಇಬ್ಬರಿಗೂ ಅದು ದೇವರ ವಾಕ್ಯ. ಆದರೆ ಟೀಚರ್ ಅಪ್ಪನ ಪಕ್ಕ ನಿಂತು ಓದಿದರು, ಅಜ್ಜಿ ಆ ಮಗಳ ಪಕ್ಕ ನಿಂತು ಓದಿದರು. ನಿಮ್ಮ ಬೈಬಲ್‌ನಲ್ಲಿ ಇಂಥದ್ದೆಲ್ಲ ಇದೆಯಲ್ಲ, ಅದನ್ನು ಹೇಗೆ ನಂಬುತ್ತೀರಿ ಅಂತ ಯಾರಾದರೂ ಕೇಳಿದಾಗ, ನನಗೆ ಮೊದಲು ನೆನಪಾಗುವುದು ಈ ಎರಡು ಓದು. ಪ್ರಶ್ನೆ ಕೇಳುವವರ ಮೇಲೆ ನನಗೆ ಬೇಜಾರಿಲ್ಲ. ಆ ಪ್ರಶ್ನೆ ಸರಿಯಾಗಿಯೇ ಇದೆ.

ಅವಳು ಸಾಯಲೇ ಇಲ್ಲ ಅನ್ನುವ ಉತ್ತರವೂ ಒಂದಿದೆ. ಎಷ್ಟೋ ಚರ್ಚ್ ಸಭೆಗಳಲ್ಲಿ ಈಗಲೂ ಅದನ್ನೇ ಹೇಳುತ್ತಾರೆ. ಇದು ಸುಮ್ನೆ ಕಟ್ಟಿದ ಮಾತಲ್ಲ. 1235ರಲ್ಲಿ ತೀರಿಕೊಂಡ ಯೆಹೂದಿ ಪಂಡಿತ ಡೇವಿಡ್ ಕಿಮ್ಹಿ ಹೀಬ್ರೂ ಭಾಷೆಯ ಒಂದೇ ಒಂದು ಅಕ್ಷರ ಹಿಡಿದು ಹೀಗೆ ಓದಿದರು. ಹರಕೆಯ ಎರಡು ಮಾತುಗಳ ನಡುವೆ, ಅಂದರೆ 'ಅದು ದೇವರದ್ದಾಗಲಿ' ಮತ್ತು 'ಅದನ್ನು ಹೋಮ ಮಾಡುತ್ತೇನೆ' ಇವೆರಡರ ನಡುವೆ, ವಾವ್ ಅನ್ನುವ ಅಕ್ಷರ ಇದೆ. ಸಾಮಾನ್ಯವಾಗಿ ಅದಕ್ಕೆ 'ಮತ್ತು' ಅಂತ ಅರ್ಥ. ಕೆಲವು ಕಡೆ 'ಅಥವಾ' ಅಂತಲೂ ಆಗುತ್ತದೆ. 'ಅಥವಾ' ಅಂತ ಓದಿದರೆ ಕುರಿ ಬಂದರೆ ಹೋಮ, ಮನುಷ್ಯರು ಬಂದರೆ ದೇವರಿಗೆ ಮೀಸಲು. ಹಾಗಾಗಿ ಅವಳು ಮದುವೆಯಿಲ್ಲದೆ ಒಂಟಿಯಾಗಿ ಬದುಕಿದಳು ಅಂತ. ಒಂದು ಹುಡುಗಿಯ ಜೀವ ಉಳಿಸೋಕೆ ಒಬ್ಬ ಮನುಷ್ಯ ಒಂದು ಅಕ್ಷರದೊಳಗೆ ಜಾಗ ಹುಡುಕಿದ್ದಾನಲ್ಲ, ಅದು ನನಗೆ ತುಂಬಾ ಇಷ್ಟ. ಆದರೂ ಒಪ್ಪೋಕೆ ಆಗುವುದಿಲ್ಲ. ಅಪ್ಪ ತನ್ನ ಹರಕೆಯ ಹಾಗೆಯೇ ಮಾಡಿದ ಅಂತ 39ನೆಯ ವಚನ ಹೇಳಿಬಿಡುತ್ತದೆ. ಅದರ ಹಿಂದೆಯೇ ಇಸ್ರಾಯೇಲಿನ ಹೆಣ್ಣುಮಕ್ಕಳು ಪ್ರತಿವರ್ಷ ನಾಲ್ಕು ದಿನ ಅವಳಿಗಾಗಿ ಹೋಗುತ್ತಿದ್ದರು ಅಂತ ಬರುತ್ತದೆ. ನನ್ನ ಕಿವಿಗೆ ಅದು ಸತ್ತವಳಿಗಾಗಿ ಅಳುವುದೇ.

ಕಿಮ್ಹಿಗಿಂತ ತುಂಬಾ ಹಿಂದಿನ ಯೆಹೂದಿ ಗುರುಗಳು ಬೇರೆಯದೇ ಮಾತು ಹೇಳಿದ್ದಾರೆ. ಆ ಹರಕೆಯೇ ಊರ್ಜಿತ ಅಲ್ಲ ಅಂದರು ಅವರು. ಮಹಾಯಾಜಕ ಫೀನೆಹಾಸನ ಹತ್ತಿರ ಹೋಗಿದ್ದರೆ ಅದನ್ನು ರದ್ದು ಮಾಡಿಸಬಹುದಿತ್ತು. ಆದರೆ ನಾನು ಇಸ್ರಾಯೇಲಿನ ನಾಯಕ, ನಾನು ಅವನ ಹತ್ತಿರ ಹೋಗಬೇಕಾ ಅಂತ ಯೆಪ್ತಾಹ. ನಾನು ಮಹಾಯಾಜಕ, ಏನೂ ತಿಳಿಯದ ಇವನ ಹತ್ತಿರ ನಾನು ಹೋಗಬೇಕಾ ಅಂತ ಫೀನೆಹಾಸ. ಇಬ್ಬರ ನಡುವೆ ಹುಡುಗಿಯ ಜೀವ ಹೋಯಿತು, ಅವಳ ರಕ್ತ ಇಬ್ಬರ ಮೇಲೂ ಇದೆ ಅಂತ ಆ ಗುರುಗಳು ನೇರವಾಗಿಯೇ ಹೇಳಿದರು. ನಮ್ಮಲ್ಲಿ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನುತ್ತೇವಲ್ಲ, ಅದೇ. ಬೈಬಲ್‌ನ ಯಾಜಕಕಾಂಡದ 27ನೆಯ ಅಧ್ಯಾಯದಲ್ಲಿ ದೇವರಿಗೆ ಹರಕೆಯಾಗಿ ಮೀಸಲಿಟ್ಟ ಮನುಷ್ಯರನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವ ನಿಯಮವೇ ಇದೆ. 5ರಿಂದ 20 ವರ್ಷದ ಹುಡುಗಿಗೆ 10 ಶೆಕೆಲ್ ಬೆಳ್ಳಿ. ಹುಡುಗನಾದರೆ 20, ಅದು ಇನ್ನೊಂದು ನೋವು. ಬಿಡಿಸಿಕೊಳ್ಳಲು ಆಗದ ಹರಕೆಯ ಮಾತೂ ಅದೇ ಅಧ್ಯಾಯದ ಕೊನೆಯಲ್ಲಿ ಇದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೂ ಹತ್ತು ಶೆಕೆಲ್ ಬೆಳ್ಳಿಯ ದಾರಿ ಇತ್ತು ಅಂತ ಓದಿದ ದಿನ ನನಗೆ ಅಜ್ಜಿಯ ಮಾತೇ ಕೇಳಿಸಿತು. ಅವರಿಗೆ ಈ ಗುರುಗಳ ಹೆಸರೂ ಗೊತ್ತಿರಲಿಲ್ಲ, ಆದರೆ ಬಂದು ನಿಂತದ್ದು ಅವರಿದ್ದ ಜಾಗಕ್ಕೇ.

ನನಗೆ ಬಿಡಿಸಲಾಗದ ಗಂಟುಗಳೂ ಇವೆ. ಅಬ್ರಹಾಮ ತನ್ನ ಮಗ ಇಸಾಕನನ್ನು ಬಲಿ ಕೊಡಲು ಅವನ ಮೇಲೆ ಕತ್ತಿ ಎತ್ತಿದಾಗ ಆಕಾಶದಿಂದ ದನಿ ಬಂತು, ಕೈ ನಿಂತಿತು. ಇಲ್ಲಿ ಯಾವ ದನಿಯೂ ಬರಲಿಲ್ಲ. ಈ ಹರಕೆಯನ್ನು ದೇವರು ಕೇಳಿರಲಿಲ್ಲ, ಅದು ನಿಜ. ಆದರೆ ಬೇಡ ಅಂತಲೂ ಹೇಳಲಿಲ್ಲವಲ್ಲ. ಇನ್ನು ಬೈಬಲ್‌ನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯಲ್ಲಿ, ಇಬ್ರಿಯರಿಗೆ ಬರೆದ ಪತ್ರದ 11ನೆಯ ಅಧ್ಯಾಯದಲ್ಲಿ, ನಂಬಿಕೆಯ ವೀರರ ಸಾಲಿನಲ್ಲಿ ಯೆಪ್ತಾಹನ ಹೆಸರಿದೆ. ಮಗಳ ಮಾತೇ ಇಲ್ಲ. ಆ ಸಾಲು ಬಂದಾಗ ನಾನು ಓದು ನಿಲ್ಲಿಸುತ್ತೇನೆ. ದೇವರ ಯೋಜನೆ ನಮಗೆ ತಿಳಿಯದು ಅಂತ ಹೇಳಿ ಮುಂದೆ ಹೋಗೋಕೆ ನನಗೆ ಮನಸ್ಸು ಬರುವುದಿಲ್ಲ, ಯಾಕೆಂದರೆ ಆ ಮಾತನ್ನು ಜಾಸ್ತಿ ಹೇಳುವವರು ನೋವು ತಮ್ಮ ಮನೆಗೆ ಬರದವರು.

ಕನ್ನಡದವರಿಗೆ ಈ ಕಥೆ ಪೂರ್ತಿ ಹೊಸದೂ ಅಲ್ಲ. ಕೆರೆಗೆ ಹಾರವಾದ ಭಾಗೀರಥಿಯನ್ನು ನಾವು ಬಲ್ಲೆವು. ಊರಿನ ದೊಡ್ಡವರು ತೀರ್ಮಾನ ಮಾಡಿದರು, ಜೀವ ಕೊಟ್ಟವಳು ಸೊಸೆ, ಅವಳನ್ನು ಮರೆಯದೆ ಹಾಡಿಕೊಂಡು ಬಂದವರು ಹೆಂಗಸರು. ಇಸ್ರಾಯೇಲಿನ ಹುಡುಗಿಯರು ವರ್ಷಕ್ಕೆ ನಾಲ್ಕು ದಿನ ಮಾಡಿದ್ದೂ ಅದೇ ಅಲ್ವಾ?

ಈಗ ಇನ್ನೊಬ್ಬ ಅಜ್ಜಿ. ನ್ಯಾನ್ಸಿ ಆಂಬ್ರೋಸ್ ಅಂತ, ಅಮೆರಿಕದ ಫ್ಲಾರಿಡಾದವರು. ಗುಲಾಮಗಿರಿಯಲ್ಲಿ ಹುಟ್ಟಿ ಬೆಳೆದವರು, ಓದು ಬರಹ ಬರುತ್ತಿರಲಿಲ್ಲ. ಅವರ ಮೊಮ್ಮಗ ಹೋವರ್ಡ್ ಥರ್ಮನ್, ಮುಂದೆ ದೊಡ್ಡ ಪಾದ್ರಿಯಾಗಿ 1936ರಲ್ಲಿ ಬಾರ್ಡೋಲಿಗೆ ಬಂದು ಗಾಂಧೀಜಿಯನ್ನು ಕಂಡವರು. ಹುಡುಗನಾಗಿದ್ದಾಗ ಅಜ್ಜಿಗೆ ಬೈಬಲ್ ಓದಿ ಹೇಳುವುದು ಥರ್ಮನ್ ಕೆಲಸ. ಕೀರ್ತನೆ ಓದು ಅನ್ನುತ್ತಿದ್ದರು, ಯೆಶಾಯ ಓದು, ಸುವಾರ್ತೆ ಮತ್ತೆ ಮತ್ತೆ ಓದು. ಆದಿ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಪತ್ರ ಮಾತ್ರ ಬೇಡ. ಯಾವಾಗಲಾದರೂ ಒಮ್ಮೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 13ನೆಯ ಅಧ್ಯಾಯ, ಪ್ರೀತಿಯ ಅಧ್ಯಾಯ, ಅಷ್ಟೇ. ಯಾಕೆ ಅಂತ ಕೇಳೋಕೆ ಥರ್ಮನ್‌ಗೆ ಕಾಲೇಜಿಗೆ ಹೋಗುವ ವಯಸ್ಸಿನವರೆಗೂ ಧೈರ್ಯ ಬರಲಿಲ್ಲ. ಕೇಳಿದಾಗ ಅಜ್ಜಿ ಹೇಳಿದರು: ಗುಲಾಮರಾಗಿದ್ದಾಗ ಯಜಮಾನನ ಪಾದ್ರಿ ಬಂದು ಪ್ರಸಂಗ ಮಾಡುತ್ತಿದ್ದ, ವರ್ಷಕ್ಕೆ ಮೂರು ನಾಲ್ಕು ಸಲ ಒಂದೇ ವಚನ, ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ. ಬಿಡುಗಡೆ ಆಗಿ, ನನಗೆ ಓದೋಕೆ ಬಂದರೆ, ಆ ಭಾಗ ಮಾತ್ರ ಓದುವುದಿಲ್ಲ ಅಂತ ನನ್ನನ್ನು ಸೃಷ್ಟಿಸಿದ ದೇವರಿಗೇ ಮಾತು ಕೊಟ್ಟಿದ್ದೇನೆ.

ನಮ್ಮ ಹಳೆಯ ಕನ್ನಡ ಬೈಬಲ್‌ನಲ್ಲಿ ಎಫೆಸದವರಿಗೆ 6:5 ಶುರುವಾಗುವುದೇ 'ದಾಸರೇ' ಅಂತ. ಚಿಕ್ಕಂದಿನಲ್ಲಿ ನನಗೆ ಆ ವಚನ ಚುಚ್ಚಲೇ ಇಲ್ಲ. ಯಾಕೆ ಅಂತ ತುಂಬಾ ತಡವಾಗಿ ಹೊಳೆಯಿತು. ದಾಸ ಅಂದ ಕೂಡಲೇ ಕನ್ನಡದ ಕಿವಿಗೆ ಬರುವವರು ಪುರಂದರದಾಸರು, ಕನಕದಾಸರು. ತಂಬೂರಿ, ಭಕ್ತಿ, ಕೈಮುಗಿಯುವ ಗೌರವ. ಪೌಲನೂ ತನ್ನನ್ನು ಕ್ರಿಸ್ತನ ದಾಸ ಅಂತಲೇ ಕರೆದುಕೊಂಡಿದ್ದಾನೆ. ಹಾಗಾಗಿ ಸಂತೆಯಲ್ಲಿ ಕೊಂಡು ಮಾರುವ ಮನುಷ್ಯ ಆ ಪದದ ಹಿಂದೆ ಕಾಣಿಸುವುದೇ ಇಲ್ಲ. ಅದೇ ವಚನವನ್ನು 'ಗುಲಾಮರೇ' ಅಂತ ಒಮ್ಮೆ ಜೋರಾಗಿ ಓದಿ ನೋಡಿ. ನ್ಯಾನ್ಸಿ ಅಜ್ಜಿ ಕೇಳಿದ್ದು ಆ ದನಿಯಲ್ಲಿ.

ಹಾಗಾದರೆ ಬೇಡದ ವಚನ ಕತ್ತರಿಸಿ ಹಾಕಬಹುದಾ ಅಂತ ನೀವು ಕೇಳಬಹುದು. ಕತ್ತರಿಸಿದವರು ಇದ್ದಾರೆ. 1807ರಲ್ಲಿ ಲಂಡನ್ನಿನಲ್ಲಿ ವೆಸ್ಟ್ ಇಂಡೀಸ್‌ನ ಗುಲಾಮರಿಗಾಗಿ ಒಂದು ಬೈಬಲ್ ಅಚ್ಚಾಯಿತು. ಪ್ರೊಟೆಸ್ಟಂಟರ ಬೈಬಲ್‌ನಲ್ಲಿ 1189 ಅಧ್ಯಾಯ ಇದ್ದರೆ ಅದರಲ್ಲಿ ಇದ್ದದ್ದು 232. ಇಸ್ರಾಯೇಲರು ಐಗುಪ್ತದ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯೇ ಇಲ್ಲ. 'ದಾಸರೇ, ವಿಧೇಯರಾಗಿರಿ' ಮಾತ್ರ ಭದ್ರವಾಗಿ ಇತ್ತು. ನ್ಯಾನ್ಸಿ ಅಜ್ಜಿಯೂ ಕತ್ತರಿ ಹಿಡಿದರು. ಆ ಕಡೆಯವರು ಬಿಡುಗಡೆಯನ್ನು ಕತ್ತರಿಸಿದರು, ಇವರು ಬೇಡಿಯನ್ನು ಕತ್ತರಿಸಿದರು. ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ನನ್ನಂಥವರಿಗೆ, ಬೆನ್ನಿನ ಮೇಲೆ ಆ ವಚನದ ಏಟು ಬೀಳದವರಿಗೆ, ಆ ಕತ್ತರಿ ಹಿಡಿಯುವ ಹಕ್ಕಿಲ್ಲ ಅನ್ನಿಸುತ್ತದೆ. 137ನೆಯ ಕೀರ್ತನೆ ಇದೆಯಲ್ಲ, ಬಾಬಿಲೋನಿನ ನದಿಗಳ ಬಳಿ ಕೂತು ಅತ್ತೆವು ಅನ್ನುವುದು. ಹಾಡೋಕೆ ಎಷ್ಟು ಚೆಂದ. ಅದರ ಕೊನೆಯ ವಚನ ಬಾಬಿಲೋನಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುತ್ತದೆ. ಸಂತ ಅಗಸ್ಟೀನ್ ಅದಕ್ಕೆ ಬೇರೆ ಅರ್ಥ ಕೊಟ್ಟರು: ಕೂಸು ಅಂದರೆ ಈಗಷ್ಟೇ ಹುಟ್ಟಿದ ಕೆಟ್ಟ ಆಸೆ, ಬಂಡೆ ಅಂದರೆ ಕ್ರಿಸ್ತ. ಕಥೊಲಿಕರ ಹೊಸ ನಿತ್ಯಪ್ರಾರ್ಥನೆಯ ಪುಸ್ತಕ 1970ರ ದಶಕದ ಶುರುವಿನಲ್ಲಿ ಬಂದಾಗ ಆ ವಚನವನ್ನು ಬಿಟ್ಟರು, 58, 83, 109 ಈ ಮೂರು ಕೀರ್ತನೆಗಳನ್ನು ಪೂರ್ತಿಯಾಗಿಯೇ ಬಿಟ್ಟರು. ಅವರ ಸಂಕಟ ಅರ್ಥವಾಗುತ್ತದೆ. ಆದರೆ ನನಗೆ ಆ ವಚನ ಅಲ್ಲಿ ಇರಬೇಕು. ತಮ್ಮ ಊರು ಯೆರೂಸಲೇಮನ್ನು ಸುಟ್ಟ ಬಾಬಿಲೋನಿನವರ ಮೇಲಿನ ಸಿಟ್ಟು ಅದು, ನೀವು ನಮಗೆ ಮಾಡಿದ್ದನ್ನೇ ನಿಮಗೂ ಮಾಡಲಿ ಅಂತ ಅದರ ಹಿಂದಿನ ವಚನವೇ ಹೇಳುತ್ತದೆ. ಅದನ್ನು ಅಪ್ಪಣೆ ಅಂತ ಓದಿದರೆ ಅಪಾಯ. ಗೋಳು ಅಂತ ಓದಿದರೆ ಕೂಸು ಕಳೆದುಕೊಂಡ ತಾಯಂದಿರು ಕಾಣುತ್ತಾರೆ.

ಆ ಕಾಲ ಹಾಗಿತ್ತು ಬಿಡಿ ಅನ್ನುವ ಮಾತೂ ನನಗೆ ಸಾಲದು. ಆ ಕಾಲದಲ್ಲೂ ಆ ಹುಡುಗಿಯರು ಅತ್ತರು. ಯಾರೋ ಅದನ್ನು ಬರೆದಿಟ್ಟರು. ಹರಕೆ ತೀರಿತು, ಯುದ್ಧ ಗೆದ್ದಾಯಿತು ಅಂತ ಅಲ್ಲಿಗೇ ಮುಗಿಸಬಹುದಿತ್ತು. ಮುಗಿಸದೆ, ವರ್ಷಕ್ಕೆ ನಾಲ್ಕು ದಿನ ಅಂತ ಲೆಕ್ಕ ಸಮೇತ ಬರೆದ ಆ ಕೈಯನ್ನು ನಾನು ನಂಬುತ್ತೇನೆ. ನನ್ನ ನಂಬಿಕೆ ಎಲ್ಲಿದೆ ಅಂದರೆ ಅಲ್ಲಿದೆ.

ಅಜ್ಜಿಯ ಬೈಬಲ್ ಈಗ ನನ್ನ ಹತ್ತಿರ ಇದೆ. ಬೆನ್ನು ಕಿತ್ತು ಬಂದಿದೆ, ದಾರ ಹಾಕಿ ಹೊಲಿದಿದ್ದೇವೆ. ನಮ್ಮ ಮನೆಯಲ್ಲಿ ಈಗಲೂ ಸಾಲಾಗಿಯೇ ಓದುತ್ತೇವೆ, ಹಾರಿಸುವುದಿಲ್ಲ. ಯೆಪ್ತಾಹನ ಅಧ್ಯಾಯ ಬಂದ ರಾತ್ರಿ ಓದಿದ ಮೇಲೆ ಪ್ರಾರ್ಥನೆ ಮಾಡುವುದಿಲ್ಲ, ಸ್ವಲ್ಪ ಹೊತ್ತು ಸುಮ್ಮನೆ ಕೂತಿರುತ್ತೇವೆ. ನಿಮ್ಮ ಮನೆಯಲ್ಲಿ, ನಿಮ್ಮ ಸಭೆಯಲ್ಲಿ ಈ ಅಧ್ಯಾಯವನ್ನು ಹೇಗೆ ಓದಿದರು, ಯಾರು ಏನು ಹೇಳಿದರು, ನನಗೆ ಬರೆದು ತಿಳಿಸಿ. ಮುಂದಿನ ಸಲ ಇದೇ ನ್ಯಾಯಸ್ಥಾಪಕರ ಪುಸ್ತಕದ 19ನೆಯ ಅಧ್ಯಾಯ ಓದೋಣ. ಅದು ಇದಕ್ಕಿಂತ ಕಷ್ಟ. ಅಲ್ಲೂ ಒಬ್ಬ ಹೆಂಗಸು ಇದ್ದಾಳೆ, ಅವಳಿಗೂ ಹೆಸರಿಲ್ಲ. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಅವರು ಮಲಗಿದ ಮೇಲೆ ಕೇಳಿ.