ಕೈ ತಾಗುವ ಕಡೆ ಕಾಸು: ಮನೆಯಲ್ಲೇ ಆರ್ಕೇಡ್ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ.

ತೊಂಬತ್ತರ ದಶಕದಲ್ಲಿ ವಿಡಿಯೋ ಗೇಮ್ ಅಂಗಡಿ ಮೆಟ್ಟಿಲು ಹತ್ತಿದವರಿಗೆ ‘ಮುಸ್ತಫಾ’ ಅಂದರೆ ಸಾಕು, ಬೇರೆ ಪರಿಚಯ ಬೇಡ. ಆ ಆಟದ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದದ್ದು. ನಾಲ್ಕು ಪಾತ್ರಗಳಲ್ಲಿ ಒಬ್ಬ ಮುಸ್ತಫಾ ಕೈರೋ. ನಮ್ಮ ಕಡೆ ಇಡೀ ಆಟಕ್ಕೇ ಅವನ ಹೆಸರು ಅಂಟಿಕೊಂಡಿತು. ಅದನ್ನು ಆಡಲು ಬೇಕಿದ್ದದ್ದು ಒಂದು ಜಾಯ್‌ಸ್ಟಿಕ್, ಎರಡು ಬಟನ್. ಹೊಡೆಯಲು ಒಂದು, ಹಾರಲು ಒಂದು.

ಈ ಎರಡು ಬಟನ್ ಲೆಕ್ಕದಿಂದಲೇ ಶುರು ಮಾಡೋಣ. ಮನೆಯಲ್ಲಿ ಆರ್ಕೇಡ್ ಪೆಟ್ಟಿಗೆ, ಅಂದರೆ ಅಂಗಡಿಯಲ್ಲಿದ್ದಂಥ ನಾಣ್ಯ ಹಾಕಿ ಆಡುವ ಆಟದ ಯಂತ್ರ, ಕಟ್ಟಲು ಹೊರಟವರು ಮೊದಲು ಪರದೆ ಎಷ್ಟು ಇಂಚು, ಕಂಪ್ಯೂಟರ್ ಯಾವುದು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅವೆರಡೂ ಹಳೆಯದಾದರೂ ನಡೆಯುತ್ತದೆ. ಅಂಗೈ, ಬೆರಳು ತಾಗುವ ಆ ಒಂದು ಹಲಗೆ, ಅಂದರೆ ಕಂಟ್ರೋಲ್ ಪ್ಯಾನೆಲ್, ಅದು ಮಾತ್ರ ಹೊಸದಾಗಿರಬೇಕು, ಅಳತೆ ಸರಿಯಾಗಿರಬೇಕು. ಕೈಯಲ್ಲಿರುವ ಕಾಸು ಅಲ್ಲಿಗೆ ಹೋಗಲಿ.

ಹಾಗಾದರೆ ಎಷ್ಟು ಬಟನ್ ಬೇಕು? ಯಾವ ಆಟ ಆಡುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. 1980ರ ಪ್ಯಾಕ್‌ಮ್ಯಾನ್‌ಗೆ ಬಟನ್ನೇ ಬೇಡ, ಜಾಯ್‌ಸ್ಟಿಕ್ ಸಾಕು. ಮೆಟಲ್ ಸ್ಲಗ್‌ಗೆ ಮೂರು. ಕಿಂಗ್ ಆಫ್ ಫೈಟರ್ಸ್ 97ಕ್ಕೆ ನಾಲ್ಕು. 1991ರ ಸ್ಟ್ರೀಟ್ ಫೈಟರ್ 2ಕ್ಕೆ ಆರು: ಮೂರು ಗುದ್ದು, ಮೂರು ಒದೆ. ಆರು ಹಾಕಿದರೆ ಬಹುತೇಕ ಎಲ್ಲವೂ ಆಡಬಹುದು. ಅದರ ಜೊತೆಗೆ ಸ್ಟಾರ್ಟ್ ಒಂದು, ಕಾಯಿನ್ ಒಂದು. ಕಾಯಿನ್ ಬಟನ್ ಮರೆಯುವವರು ಬಹಳ. ಪೆಟ್ಟಿಗೆಗೆ ನಾಣ್ಯ ಹಾಕುವ ಕಿಂಡಿ ಇಲ್ಲದಿದ್ದರೂ ಆಟದ ಮಟ್ಟಿಗೆ ನಾಣ್ಯ ಬೀಳಲೇಬೇಕು. ಇಲ್ಲವಾದರೆ ‘ಇನ್ಸರ್ಟ್ ಕಾಯಿನ್’ ಎಂದು ಮಿನುಗುತ್ತಾ ಕೂತಿರುತ್ತದೆ. ಅಲ್ಲಿಗೆ ಒಬ್ಬ ಆಟಗಾರನಿಗೆ ಎಂಟು ಬಟನ್, ಒಂದು ಜಾಯ್‌ಸ್ಟಿಕ್.

ಇಂದು ಹೇಳುತ್ತಿರುವುದು ಮೇಜಿನ ಮೇಲೆ ಕೂರುವ, ಒಬ್ಬರು ಆಡುವ ಪೆಟ್ಟಿಗೆ. ಪರದೆಗೆ ಕಚೇರಿಗಳಿಂದ ಹೊರಬಿದ್ದ 19 ಇಂಚಿನ ಚೌಕ ಮಾನಿಟರ್ ಹುಡುಕಿ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಸೆಕೆಂಡ್ ಹ್ಯಾಂಡ್ ಮಾನಿಟರ್ ಸಿಗುತ್ತದೆ. ಅಗಲ ಪರದೆ ಹೊಸದು ಇರುವಾಗ ಇದೇಕೆ? ಹಳೆಯ ಆಟಗಳ ಚಿತ್ರ 4ಕ್ಕೆ 3ರ ಅನುಪಾತದ್ದು. ಚೌಕ ಮಾನಿಟರ್ 5ಕ್ಕೆ 4. ಮೇಲೆ ಕೆಳಗೆ ತೆಳುವಾದ ಕಪ್ಪು ಪಟ್ಟಿ ಬಿಟ್ಟರೆ ಚಿತ್ರ ಪೂರ್ತಿ ತುಂಬುತ್ತದೆ. ಅಗಲ ಪರದೆಯಲ್ಲಿ ಎರಡೂ ಪಕ್ಕ ವ್ಯರ್ಥ. ಹಳೆಯ ಡಬ್ಬಾ ಟಿವಿ ಇದೆ, ಅದನ್ನೇ ಬಿಚ್ಚಿ ಹಾಕೋಣ ಅಂದುಕೊಳ್ಳಬೇಡಿ. ಅದರ ಚಿತ್ರನಳಿಕೆಯಲ್ಲಿ 20,000 ವೋಲ್ಟಿನ ಆಸುಪಾಸು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು.

ಕಂಪ್ಯೂಟರ್ ವಿಷಯ ಬೇಗ ಮುಗಿಸುತ್ತೇನೆ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್, 3 ಅಥವಾ 4ನೆಯದು, ಮನೆಯಲ್ಲಿ ಬಿದ್ದಿದ್ದರೆ ಅದು ಸಾಕು. ಇಲ್ಲದಿದ್ದರೆ ಹೊಸದು ಕೊಳ್ಳುವ ಬದಲು, 4 ಜಿಬಿ ರ‍್ಯಾಮ್ ಇರುವ 64 ಬಿಟ್‌ನ ಹಳೆಯ ಆಫೀಸ್ ಕಂಪ್ಯೂಟರ್ ಹಿಡಿಯಿರಿ. ಹಳೆಯ ಆಟಗಳನ್ನು ಓಡಿಸುವ ಬಟೋಸೆರಾ ಎಂಬ ಉಚಿತ ವ್ಯವಸ್ಥೆಯನ್ನು 32 ಜಿಬಿ ಪೆನ್‌ಡ್ರೈವ್‌ಗೆ ಬರೆದು ಅದರಿಂದಲೇ ಚಾಲೂ ಮಾಡಬಹುದು, ಒಳಗಿನ ಹಾರ್ಡ್‌ಡಿಸ್ಕ್ ಮುಟ್ಟುವುದೇ ಇಲ್ಲ. ತೊಂಬತ್ತರ ದಶಕದ ಎರಡು ಆಯಾಮದ ಆಟಗಳಿಗೆ ಇಷ್ಟು ಬಲ ಧಾರಾಳ. ಪೈ ಬಳಸುವವರಿಗೆ ಒಂದು ಮಾತು: ಫೋನ್ ಚಾರ್ಜರ್ ಸಿಕ್ಕಿಸಬೇಡಿ. ಪೈ 4ಕ್ಕೆ 5 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಬೇಕು. ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಕಂಡರೆ ವಿದ್ಯುತ್ ಸಾಲುತ್ತಿಲ್ಲ ಎಂದರ್ಥ. ಆಟ ಎಳೆಯುತ್ತದೆ, ಬಟನ್ ಬೋರ್ಡ್ ನಡುನಡುವೆ ಕಾಣೆಯಾಗುತ್ತದೆ, ನೀವು ವೈರಿಂಗ್ ತಪ್ಪಿದೆ ಎಂದು ಎರಡು ದಿನ ಹುಡುಕುತ್ತೀರಿ.

ಈಗ ಮರ. ಪೆನ್ಸಿಲ್ ಇದ್ದರೆ ಬರೆದುಕೊಳ್ಳಿ. 12 ಮಿಲಿಮೀಟರ್ ದಪ್ಪದ ಪ್ಲೈವುಡ್, 8 ಅಡಿಗೆ 4 ಅಡಿ ಹಾಳೆಯಲ್ಲಿ ಅರ್ಧ ಸಾಕು. ಪಕ್ಕದ ಹಲಗೆ ಎರಡು, 55 ಸೆಂಟಿಮೀಟರ್‌ಗೆ 45. ತಳ 45ಕ್ಕೆ 42. ಬೆನ್ನು 45ಕ್ಕೆ 45. ನೆತ್ತಿ 45ಕ್ಕೆ 20. ಕಂಟ್ರೋಲ್ ಪ್ಯಾನೆಲ್ 45ಕ್ಕೆ 22. ಮುಂದಿನ ಪಟ್ಟಿ 45ಕ್ಕೆ 10. ಒಳಗಿನ ಅಗಲ 45 ಸೆಂಟಿಮೀಟರ್ ಎಂದು ಹಿಡಿದಿರುವುದು 19 ಇಂಚಿನ ಮಾನಿಟರ್ ಚೌಕಟ್ಟಿನ ಸಮೇತ ಆರಾಮಾಗಿ ಕೂರಲಿ ಎಂದು. ಹಲಗೆ ಕುಯ್ಯುವ ಮುಂಚೆ ನಿಮ್ಮ ಮಾನಿಟರನ್ನು ಒಮ್ಮೆ ಅಳೆದುಬಿಡಿ. ಬಡಗಿಯ ಹತ್ತಿರ ಕೊಟ್ಟರೆ ಮಷಿನ್‌ನಲ್ಲಿ ನೇರವಾಗಿ ಕುಯ್ದು ಕೊಡುತ್ತಾರೆ. ಮನೆಯಲ್ಲಿ ಕೈಗರಗಸದಲ್ಲಿ ಅಷ್ಟು ನೇರ ಬರುವುದು ಕಷ್ಟ.

ಪ್ಲೈ ಬದಲು ಎಂಡಿಎಫ್ ಹಾಕಬಹುದೇ? ನಯವಾಗಿರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ. ಆದರೆ ಮಂಗಳೂರು, ಕಾರವಾರ, ಶಿವಮೊಗ್ಗದ ಮಳೆಗಾಲದಲ್ಲಿ ಬಣ್ಣ ಹಚ್ಚದ ಅಂಚು ತೇವ ಕುಡಿದು ಊದಿಕೊಳ್ಳುತ್ತದೆ. ಮೇಜು ಒರೆಸುವ ಒದ್ದೆ ಬಟ್ಟೆಯೂ ಸಾಕು. ಆ ಕಡೆಯವರು ಪ್ಲೈ ಬಿಡಬೇಡಿ.

ಇನ್ನು ಕಂಟ್ರೋಲ್ ಪ್ಯಾನೆಲ್. ಮರ ಮುಟ್ಟುವ ಮೊದಲು ಒಂದು ಚಪ್ಪಲಿ ಡಬ್ಬಿ ತನ್ನಿ. ರಟ್ಟಿನ ಮುಚ್ಚಳದಲ್ಲಿ ಬಟನ್‌ಗಳಿಗೆ ತೂತು ಮಾಡಿ, ನಿಜವಾದ ಬಟನ್‌ಗಳನ್ನೇ ಕೂರಿಸಿ. ಬಟನ್ ನಡುವಿನಿಂದ ನಡುವಿಗೆ 36 ಮಿಲಿಮೀಟರ್ ಇಡಿ. ಜಾಯ್‌ಸ್ಟಿಕ್ ನಡುವಿನಿಂದ ಮೊದಲ ಬಟನ್‌ಗೆ 8ರಿಂದ 10 ಸೆಂಟಿಮೀಟರ್. ಆರು ಬಟನ್‌ಗಳನ್ನು ಸ್ಕೇಲ್ ಹಿಡಿದು ನೇರ ಸಾಲಿಗೆ ಇಡಬೇಡಿ. ಅಂಗೈ ಊರಿದಾಗ ನಡುಬೆರಳು ತೋರುಬೆರಳಿಗಿಂತ ಮುಂದೆ ಹೋಗುತ್ತದಲ್ಲ, ಬಟನ್ ಸಾಲೂ ಅದೇ ಬಾಗಿನಲ್ಲಿ ಹೋಗಬೇಕು. ರಟ್ಟಿನ ಮೇಲೆ ಅರ್ಧ ಗಂಟೆ ಬೆರಳಾಡಿಸಿ. ಮಣಿಕಟ್ಟು ನೊಂದರೆ ರಟ್ಟು ಬದಲಿಸುವುದು ಸುಲಭ, ಪ್ಲೈ ಬದಲಿಸುವುದು ಸುಲಭವಲ್ಲ.

ಬಟನ್ ಕೊಳ್ಳುವಾಗ ಅಂಗಡಿಯಲ್ಲಿ ಎರಡು ಜಾತಿ ಕಾಣುತ್ತವೆ. ಒಂದು, ತೂತಿಗೆ ಒತ್ತಿದರೆ ಪಕ್ಕದ ಕಿವಿಗಳು ಕ್ಲಿಪ್ ಆಗಿ ಹಿಡಿದುಕೊಳ್ಳುವಂಥದ್ದು. ಇದು ತೆಳು ಲೋಹದ ಹಲಗೆಗೆ ಮಾಡಿದ್ದು. 12 ಮಿಲಿಮೀಟರ್ ಪ್ಲೈನಲ್ಲಿ ಆ ಕಿವಿ ಕೆಳಗಿನ ಅಂಚನ್ನು ತಲುಪುವುದೇ ಇಲ್ಲ, ಬಟನ್ ಮೇಲೆದ್ದು ಬರುತ್ತದೆ. ಮರಕ್ಕೆ ಬೇಕಾದದ್ದು ಉದ್ದ ಥ್ರೆಡ್ (ಸ್ಕ್ರೂನಂಥ ಸುತ್ತು) ಇರುವ, ಕೆಳಗಿನಿಂದ ಪ್ಲಾಸ್ಟಿಕ್ ನಟ್ ಬಿಗಿಯುವ ಎರಡನೇ ಜಾತಿ. ಅದಕ್ಕೆ ಸಾಮಾನ್ಯವಾಗಿ 28 ಮಿಲಿಮೀಟರ್ ತೂತು, ಕ್ಲಿಪ್‌ನದಕ್ಕೆ 30. ಬಟನ್ ಕೈಗೆ ಬಂದ ಮೇಲೆ ಅಳೆದು ಆಮೇಲೆ ಹೋಲ್ ಸಾ, ಅಂದರೆ ಡ್ರಿಲ್‌ಗೆ ಹಾಕುವ ದುಂಡು ಗರಗಸ, ಕೊಳ್ಳಿ.

ಜಾಯ್‌ಸ್ಟಿಕ್‌ಗೂ ಇದೇ ದಪ್ಪದ ಕಾಟ. ದಪ್ಪ ಮರದ ಕೆಳಗೆ ಬಿಗಿದರೆ ಕೋಲು ಮೇಲೆ ಗಿಡ್ಡವಾಗಿ ನಿಲ್ಲುತ್ತದೆ, ಚೆಂಡು ಹಿಡಿದ ಬೆರಳ ಗೆಣ್ಣು ಹಲಗೆಗೆ ತಾಗುತ್ತದೆ. ಮರ ಕೆತ್ತುವ ರೌಟರ್ ಯಂತ್ರ ಇದ್ದವರು ಕೆಳಗಿನಿಂದ ಕೊರೆದು 6 ಮಿಲಿಮೀಟರ್ ಉಳಿಸುತ್ತಾರೆ. ಇಲ್ಲದವರಿಗೆ ಸುಲಭ ದಾರಿ ಇದು: 12ರ ಪ್ಲೈನಲ್ಲಿ ಜಾಯ್‌ಸ್ಟಿಕ್‌ನ ಕಬ್ಬಿಣದ ತಟ್ಟೆಗಿಂತ ಸುತ್ತಲೂ ಅರ್ಧ ಸೆಂಟಿಮೀಟರ್ ದೊಡ್ಡದಾದ ಕಿಂಡಿ ಕುಯ್ದು, ಅದರ ಮೇಲೆ 6 ಮಿಲಿಮೀಟರ್ ಪ್ಲೈ ಹಾಳೆಯನ್ನು ಫೆವಿಕಾಲ್‌ನಲ್ಲಿ ಅಂಟಿಸಿ ರಾತ್ರಿಯಿಡೀ ಭಾರ ಹೇರಿ. ತಟ್ಟೆ ಈಗ 6ರ ಹಾಳೆಗೆ ಒತ್ತಿ ಕೂರುತ್ತದೆ. ಅದನ್ನು ಮರದ ಸ್ಕ್ರೂನಲ್ಲಿ ಬಿಗಿಯಬೇಡಿ, 6 ಮಿಲಿಮೀಟರ್ ಹಿಡಿತ ಕೊಡುವುದಿಲ್ಲ, ಹುರುಪಿನ ಆಟಗಾರ ವಾರದಲ್ಲಿ ಕಿತ್ತು ಕೈಗೆ ಕೊಡುತ್ತಾನೆ. ಮೇಲಿನಿಂದ 4 ಮಿಲಿಮೀಟರ್ ಬೋಲ್ಟ್ ಇಳಿಸಿ, ಕೆಳಗೆ ನಟ್ ಹಾಕಿ. ಬೋಲ್ಟ್ ತಲೆ ಮರದೊಳಗೆ ಹುದುಗಿದರೆ ಮೇಲೆ ಸನ್ಮೈಕಾ ಅಂಟಿಸಿದಾಗ ಮುಚ್ಚಿಹೋಗುತ್ತದೆ. ಪ್ಯಾನೆಲ್ ಅಡಿಯಲ್ಲಿ ಕನಿಷ್ಠ 6 ಸೆಂಟಿಮೀಟರ್ ಖಾಲಿ ಇರಲಿ, ಇಲ್ಲವಾದರೆ ಜಾಯ್‌ಸ್ಟಿಕ್ ಬುಡ ತಳಕ್ಕೆ ಬಡಿಯುತ್ತದೆ.

ತೂತು ಕೊರೆಯುವುದನ್ನು ನಿಧಾನವಾಗಿ ಹೇಳುತ್ತೇನೆ. ಹೋಲ್ ಸಾ ನಡುವೆ ಒಂದು ಚಿಕ್ಕ ಡ್ರಿಲ್ ಮೊನೆ ಇರುತ್ತದೆ. ಒಂದೇ ದಿಕ್ಕಿನಿಂದ ಒತ್ತಿ ಪಾರು ಮಾಡಿದರೆ, ಹಲ್ಲು ಹೊರಬರುವ ಕಡೆ ಪ್ಲೈನ ಪದರ ಸೀಳಿ ಎದ್ದು ಬರುತ್ತದೆ. ಹಾಗಾಗಿ ಮುಂದಿನಿಂದ ಕೊರೆಯುತ್ತಾ ಹೋಗಿ, ಹಿಂದೆ ಆ ಮೊನೆ ಇಣುಕಿದ ತಕ್ಷಣ ನಿಲ್ಲಿಸಿ. ಹಲಗೆ ಮಗುಚಿ. ಅದೇ ಚಿಕ್ಕ ತೂತಿಗೆ ಮೊನೆ ಇಟ್ಟು ಹಿಂದಿನಿಂದ ಮುಗಿಸಿ. ಎರಡೂ ಮುಖ ಚೊಕ್ಕ. ಕೆಳಗೆ ಬೇಡದ ಹಲಗೆ ಇಟ್ಟು ಕ್ಲಾಂಪ್ ಹಾಕುವುದು ಮರೆಯಬೇಡಿ. ಹೋಲ್ ಸಾ ಸಿಕ್ಕಿಕೊಂಡರೆ ಡ್ರಿಲ್ ಮಣಿಕಟ್ಟನ್ನೇ ತಿರುಚುತ್ತದೆ.

ವೈರಿಂಗ್‌ಗೆ ಅಂಜಬೇಕಿಲ್ಲ. ಬಟನ್ ಒತ್ತಿದ್ದನ್ನು ಕಂಪ್ಯೂಟರ್‌ಗೆ ತಿಳಿಸುವ ‘ಝೀರೋ ಡಿಲೇ’ ಹೆಸರಿನ ಯುಎಸ್‌ಬಿ ಬೋರ್ಡ್ ತಂತಿಗಳ ಸಮೇತ ಸಿಗುತ್ತದೆ. ಬೆಸುಗೆ ಬೇಡ, ತಂತಿ ತುದಿಯನ್ನು ಬಟನ್ ಕಾಲಿಗೆ ತಳ್ಳಿದರೆ ಆಯಿತು. ಇಲ್ಲೊಂದು ಎಡವಟ್ಟು: ಆ ತಂತಿಯ ತುದಿಗಳು ಕೆಲವು 2.8 ಮಿಲಿಮೀಟರ್, ಕೆಲವು 4.8. ಉದ್ದ ಥ್ರೆಡ್ ಬಟನ್‌ನ ಮೈಕ್ರೋಸ್ವಿಚ್ (ಅಡಿಯಲ್ಲಿರುವ ಪುಟ್ಟ ಸ್ವಿಚ್) ಕಾಲು ಹೆಚ್ಚಾಗಿ 4.8. ಬಟನ್ ಮತ್ತು ತಂತಿ ಒಂದೇ ಸೆಟ್‌ನಲ್ಲಿ ತೆಗೆದುಕೊಂಡರೆ ಈ ತಲೆನೋವಿಲ್ಲ.

ಆ ಮೈಕ್ರೋಸ್ವಿಚ್‌ಗೆ ಮೂರು ಕಾಲು. ಸಿ, ಎನ್‌ಒ, ಎನ್‌ಸಿ ಎಂದು ಪಕ್ಕದಲ್ಲಿ ಅಚ್ಚಾಗಿರುತ್ತದೆ. ನಮಗೆ ಬೇಕಾದದ್ದು ಸಿ ಮತ್ತು ಎನ್‌ಒ. ತಪ್ಪಿ ಎನ್‌ಸಿಗೆ ಹಾಕಿದರೆ ಬಟನ್ ಮುಟ್ಟದಿದ್ದರೂ ಒತ್ತಿದ ಹಾಗೆ ಇರುತ್ತದೆ, ಪರದೆಯ ಮೇಲೆ ಮೆನು ತಾನಾಗಿ ಓಡುತ್ತಾ ಇರುತ್ತದೆ. ಜಾಯ್‌ಸ್ಟಿಕ್‌ನಲ್ಲಿ ಇನ್ನೊಂದು ವಿಚಿತ್ರ: ಕೋಲನ್ನು ಮೇಲೆ ತಳ್ಳಿದರೆ ಅದರ ಬುಡ ಕೆಳಗೆ ಸರಿಯುತ್ತದೆ, ಒತ್ತುವುದು ಕೆಳಗಿನ ಸ್ವಿಚ್. ‘ಮೇಲೆ’ ಎಂಬ ತಂತಿ ಕೆಳಗಿನ ಸ್ವಿಚ್‌ಗೇ ಹೋಗಬೇಕು. ಐದು ತಂತಿಯ ಒಂದೇ ಕನೆಕ್ಟರ್ ಇರುವ ಜಾಯ್‌ಸ್ಟಿಕ್‌ನಲ್ಲಿ ಈ ಗೊಂದಲ ಇಲ್ಲ. ಅದರಲ್ಲಿ ಮೇಲೆ ತಳ್ಳಿದರೆ ಪಾತ್ರ ಪಕ್ಕಕ್ಕೆ ನಡೆಯಿತೆಂದರೆ ಜಾಯ್‌ಸ್ಟಿಕ್ಕನ್ನೇ ಕಾಲು ಸುತ್ತು ತಿರುಗಿಸಿ ಬಿಗಿಯಿರಿ.

ಇನ್ನೂ ಅಗ್ಗ ಬೇಕಾದರೆ, ಸ್ವಲ್ಪ ಬೆಸುಗೆ ಬರುವವರಿಗೆ, ರಾಸ್ಪ್‌ಬೆರಿ ಪೈ ಪಿಕೋ ಎಂಬ ಪುಟ್ಟ ಬೋರ್ಡ್ ಇದೆ. ಜಿಪಿ 2040 ಸಿಇ ಎಂಬ ಉಚಿತ ಫರ್ಮ್‌ವೇರ್ ತುಂಬಿದರೆ ಅದೇ ಕೆಲಸ, ಇನ್ನೂ ಚುರುಕಾಗಿ ಮಾಡುತ್ತದೆ. ಇದರಲ್ಲಿ ಒಂದೇ ಗ್ರೌಂಡ್ ತಂತಿ ಬಟನ್‌ನಿಂದ ಬಟನ್‌ಗೆ ಸರಪಳಿಯಾಗಿ ಹೋಗುತ್ತದೆ. ನಾಲ್ಕನೆಯದರ ನಂತರ ಎಲ್ಲವೂ ಸತ್ತಿವೆ ಅಂದರೆ ಉಳಿದ ನಾಲ್ಕು ಬಟನ್ ಕೆಟ್ಟಿಲ್ಲ. ನಾಲ್ಕಕ್ಕೂ ಐದಕ್ಕೂ ನಡುವೆ ತಂತಿ ಬಿಟ್ಟಿದೆ.

ಪ್ಯಾಕ್‌ಮ್ಯಾನ್ ಅಥವಾ 1981ರ ಡಾಂಕಿ ಕಾಂಗ್ ಆಡುವಾಗ ತಿರುವಿನಲ್ಲಿ ಪಾತ್ರ ಅಂಟಿಕೊಂಡರೆ ಜಾಯ್‌ಸ್ಟಿಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಆ ಆಟಗಳು ನಾಲ್ಕು ದಿಕ್ಕಿನ ಕೋಲಿಗೆ ಮಾಡಿದವು; ನಮ್ಮದು ಎಂಟು ದಿಕ್ಕಿಗೆ ಹೋಗುತ್ತದೆ, ಮೂಲೆ ಮುಟ್ಟಿದರೆ ಎರಡು ಸ್ವಿಚ್ ಒಟ್ಟಿಗೆ ಒತ್ತುತ್ತವೆ. ಹಲವು ಜಾಯ್‌ಸ್ಟಿಕ್‌ಗಳ ಬುಡದಲ್ಲಿ ಪ್ಲಾಸ್ಟಿಕ್ ತಡೆತಟ್ಟೆ ಇರುತ್ತದೆ, ತಿರುಗಿಸಿ ಕೂರಿಸಿದರೆ ನಾಲ್ಕಕ್ಕೆ ಕಟ್ಟುತ್ತದೆ.

ಜೋಡಣೆಗೆ ಬರೋಣ. ಮಾನಿಟರ್ ಸ್ಟ್ಯಾಂಡ್ ಬಿಚ್ಚಿದರೆ ಬೆನ್ನಲ್ಲಿ ನಾಲ್ಕು ತೂತು, ಹೆಚ್ಚಾಗಿ 100 ಮಿಲಿಮೀಟರ್ ಚೌಕ. 4 ಮಿಲಿಮೀಟರ್ ಸ್ಕ್ರೂ ಹಿಡಿಯುತ್ತದೆ. ಉಳಿದ ಪ್ಲೈನಲ್ಲಿ ಕುಯ್ದ, ಮಾನಿಟರ್ ಬಿಗಿಯುವ 12ರ ಅಡ್ಡ ಹಲಗೆ ದಾಟಿ ಮಾನಿಟರ್ ಒಳಗೆ 6ರಿಂದ 8 ಮಿಲಿಮೀಟರ್ ಮಾತ್ರ ಹೋಗಲಿ. ಇನ್ನೂ ಉದ್ದ ಹಾಕಿ ತಿರುಗಿಸಿದರೆ ಒಳಗಿನ ಸರ್ಕ್ಯೂಟಿಗೆ ಚುಚ್ಚೀತು. ಪರದೆ 20ರಿಂದ 25 ಡಿಗ್ರಿ ಹಿಂದಕ್ಕೆ ಒರಗಲಿ. ಬೆನ್ನು ಹಲಗೆಯಲ್ಲಿ ಕೆಳಗೊಂದು, ಮೇಲೊಂದು ಗಾಳಿಕಿಂಡಿ ಬಿಡಿ. 230 ವೋಲ್ಟಿನ ಕೆಲಸ ಬಾರದವರು ಒಳಗೆ ತಂತಿ ಹೆಣೆಯಲು ಹೋಗಬೇಡಿ, ಮೂರು ಪಿನ್ನಿನ ಒಂದು ಸ್ಪೈಕ್ ಬಸ್ಟರ್ ತಂದು ಪೆಟ್ಟಿಗೆಯೊಳಗೆ ಸ್ಕ್ರೂ ಮಾಡಿದರೆ ಮುಗಿಯಿತು. ಸ್ಪೀಕರ್ ತಂತಿಯದೇ ಇರಲಿ. ಬ್ಲೂಟೂತ್ ಹಾಕಿದರೆ ಗುದ್ದು ಬಿದ್ದ ಮೇಲೆ ಸದ್ದು ಬರುತ್ತದೆ. ಪಕ್ಕಕ್ಕೆ ಚಿತ್ರ ಬೇಕಾದರೆ ಊರಿನ ಫ್ಲೆಕ್ಸ್ ಅಂಗಡಿಯಲ್ಲಿ ವಿನೈಲ್ ಸ್ಟಿಕ್ಕರ್ ಮಾಡಿಸಿ, ಮ್ಯಾಟ್ ಲ್ಯಾಮಿನೇಷನ್ ಹೇಳಿ. ಹೊಳಪಿನದರಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ.

ಆಟಗಳ ವಿಷಯ. ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ಓಡಿಸುವ, ಬಟೋಸೆರಾದೊಳಗೇ ಇರುವ ಮೇಮ್ ಎಂಬ ತಂತ್ರಾಂಶ 1997ರಲ್ಲಿ ಶುರುವಾಯಿತು, 2016ರಿಂದ ಮುಕ್ತ ತಂತ್ರಾಂಶ. ತಂತ್ರಾಂಶ ಉಚಿತ, ಆಟ ಉಚಿತವಲ್ಲ. ಕ್ಯಾಪ್‌ಕಾಮ್ ಮುಂತಾದವರು ಹಳೆಯ ಆಟಗಳ ಅಧಿಕೃತ ಕಂತೆಗಳನ್ನು ವಿಂಡೋಸ್‌ಗೆ ಮಾರುತ್ತಾರೆ. ಅವನ್ನು ಕೊಳ್ಳುವವರು ಬಟೋಸೆರಾ ಬಿಟ್ಟು ವಿಂಡೋಸನ್ನೇ ಇಟ್ಟುಕೊಳ್ಳಿ. ರಾಬಿ ರೋಟೋ, ಗ್ರಿಡ್ಲಿಯಂಥ ಕೆಲವನ್ನು ಹಕ್ಕುದಾರರೇ ಬಿಡುಗಡೆ ಮಾಡಿ ಮೇಮ್ ತಾಣದಲ್ಲಿ ಇಟ್ಟಿದ್ದಾರೆ, ಪೆಟ್ಟಿಗೆ ಪರೀಕ್ಷಿಸಲು ಅವು ಸಾಕು. ಆಟ ತೆರೆಯದೆ ಕಪ್ಪಾಗಿ ಹಿಂದೆ ಬಂದರೆ, ಹೆಚ್ಚಾಗಿ ಆಟದ ಫೈಲಿನ ಆವೃತ್ತಿಗೂ ಮೇಮ್ ಆವೃತ್ತಿಗೂ ಹೊಂದಿಕೆ ಇಲ್ಲ. ಆಟದ ಜಿಪ್ ಫೈಲನ್ನು ಬಿಚ್ಚಲೂಬಾರದು, ಹೆಸರು ಬದಲಿಸಲೂಬಾರದು.

ಆಫ್ ಮಾಡುವಾಗ ಗೋಡೆಯ ಸ್ವಿಚ್ ಒತ್ತಿ ಎದ್ದರೆ ಪೈನ ಮೆಮೊರಿ ಕಾರ್ಡ್ ಇಂದಲ್ಲ ನಾಳೆ ಕೆಡುತ್ತದೆ. ಕಂಪ್ಯೂಟರ್ ಆದರೆ ಅದರ ಪವರ್ ಬಟನ್‌ನ ಎರಡು ತಂತಿಗಳನ್ನು ಉದ್ದ ಮಾಡಿ, ಪೆಟ್ಟಿಗೆಯ ಹಿಂಬದಿಯಲ್ಲಿ ಒಂದು ಬಟನ್‌ಗೆ ಕೊಡಿ. ಹಿಂಬದಿ ಯಾಕೆಂದರೆ, ಮುಂದೆ ಇದ್ದರೆ ಸೋಲುತ್ತಿರುವವರ ಕೈ ಅದರ ಮೇಲೇ ಬೀಳುತ್ತದೆ.

ಬೆನ್ನು ಹಲಗೆಗೆ ಮಾತ್ರ ಫೆವಿಕಾಲ್ ಹಚ್ಚಬೇಡಿ, ಮೊಳೆಯೂ ಬೇಡ. ಎರಡು ಕೀಲು, ಒಂದು ಚಿಲಕ ಹಾಕಿ. ಮೊದಲ ವಾರದಲ್ಲೇ ಅದನ್ನು ನಾಲ್ಕೈದು ಸಲ ತೆಗೆಯುವ ಕೆಲಸ ಇದ್ದೇ ಇದೆ.

ನಮಸ್ಕಾರ.