ಮಂಜಿನ ಮೇಲೆ ಅಡ್ಡ ಬಿದ್ದವರು: ಬೋರ್ಯೆ ಸಾಲ್ಮಿಂಗ್ ಅವರ ಆಟ ಮತ್ತು ಬದುಕು

ಸಭಿಕರೆಲ್ಲರಿಗೂ ನಮಸ್ಕಾರ.

ಹಾಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಕೊಡಗಿನ ಮೈದಾನಗಳೇ ಹೊರತು ಮಂಜುಗಡ್ಡೆಯಲ್ಲ. ಆದರೆ ಇಂದು ನಾನು ಮಾತನಾಡುತ್ತಿರುವುದು ಮಂಜುಗಡ್ಡೆಯ ಮೇಲೆ ಆಡುವ ಹಾಕಿಯ ಬಗ್ಗೆ, ಅದರಲ್ಲೂ ಡಿಫೆಂಡರ್ ಸ್ಥಾನದಲ್ಲಿ ಆಡಿ ಹೆಸರಾದ ಸ್ವೀಡನ್ನಿನ ಬೋರ್ಯೆ ಸಾಲ್ಮಿಂಗ್ ಅವರ ಬಗ್ಗೆ. ಆಟಗಾರನ ಎದೆಗಾರಿಕೆಯನ್ನು ಮುಷ್ಟಿಯ ಬಲದಿಂದ ಅಳೆಯುತ್ತಿದ್ದ ಕಾಲದಲ್ಲಿ, ಆ ಅಳತೆಗೋಲೇ ತಪ್ಪು ಎಂಬುದನ್ನು ಅವರು ಹದಿನೇಳು ವರ್ಷಗಳ ಕಾಲ ಮೈಯೊಡ್ಡಿ ತೋರಿಸಿದರು ಎಂಬುದು ನನ್ನ ಅಭಿಪ್ರಾಯ.

ಮೊದಲು ಆಟದ ಬಗ್ಗೆ ಎರಡು ಮಾತು. ಐಸ್ ಹಾಕಿಯಲ್ಲಿ ಗೋಲ್‌ಕೀಪರ್ ಸೇರಿ ಒಂದು ತಂಡದಿಂದ ಆರು ಜನ ಒಮ್ಮೆಗೆ ಆಡುತ್ತಾರೆ. ಅವರಲ್ಲಿ ಇಬ್ಬರು ಡಿಫೆಂಡರ್‌ಗಳು. ಚೆಂಡಿನ ಬದಲು ಪಕ್ ಎಂಬ ಗಟ್ಟಿ ರಬ್ಬರಿನ ಬಿಲ್ಲೆ ಇರುತ್ತದೆ. ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪ, ಸುಮಾರು 165 ಗ್ರಾಂ ತೂಕದ ಈ ಬಿಲ್ಲೆ ಬಲವಾದ ಹೊಡೆತಕ್ಕೆ ಗಂಟೆಗೆ 150 ಕಿಲೋಮೀಟರ್ ಮೀರಿದ ವೇಗದಲ್ಲಿ ಹಾರುತ್ತದೆ. ಎದುರಾಳಿ ಸ್ಟಿಕ್ ಎತ್ತಿದ ಕ್ಷಣದಲ್ಲಿ ಡಿಫೆಂಡರ್ ಅದರ ದಾರಿಗೆ ಅಡ್ಡವಾಗಿ ಜಾರಿ ಬೀಳಬೇಕು. ಒಂದು ಕ್ಷಣ ಮೊದಲೇ ಬಿದ್ದರೆ ಎದುರಾಳಿ ಹೊಡೆಯದೆ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತಾನೆ. ಒಂದು ಕ್ಷಣ ತಡವಾದರೆ ಬಿದ್ದೂ ಪ್ರಯೋಜನವಿಲ್ಲ. ಸರಿಯಾದ ಹೊತ್ತಿಗೆ ಬಿದ್ದರೆ ಪಕ್ ಮೈಗೆ ಬಡಿಯುತ್ತದೆ. ಮೊಣಕಾಲಿನ ಮುಂಭಾಗಕ್ಕೆ ಪ್ಯಾಡ್ ಇದ್ದರೂ ಅದರ ರಕ್ಷಣೆಯಿಲ್ಲದ ಜಾಗಗಳು ಮೈಯಲ್ಲಿ ಬೇಕಾದಷ್ಟಿರುತ್ತವೆ. ಸಾಲ್ಮಿಂಗ್ ಈ ಕೆಲಸವನ್ನು ದಿನನಿತ್ಯದ ಕಾಯಕದಂತೆ ಮಾಡುತ್ತಿದ್ದರು.

ಅವರು ಹುಟ್ಟಿದ್ದು 1951ರ ಏಪ್ರಿಲ್ 17ರಂದು, ಸ್ವೀಡನ್ನಿನ ಉತ್ತರದ ಅಂಚಿನಲ್ಲಿ, ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಮೇಲೇಳದ ಕಿರುನಾ ಸೀಮೆಯಲ್ಲಿ. ಕಿರುನಾ ಕಬ್ಬಿಣದ ಅದಿರಿನ ಗಣಿಯ ಊರು. ತಂದೆ ಆ ಭಾಗದ ಮೂಲನಿವಾಸಿಗಳಾದ ಸಾಮಿ ಜನಾಂಗದವರು, ಗಣಿಯಲ್ಲಿ ದುಡಿಯುತ್ತಿದ್ದರು. ಬೋರ್ಯೆಗೆ ಐದು ವರ್ಷವಿದ್ದಾಗ ಅವರು ಗಣಿ ಅಪಘಾತದಲ್ಲಿ ತೀರಿಕೊಂಡರು. ಅಣ್ಣ ಸ್ಟಿಗ್ ಕೂಡ ಹಾಕಿ ಆಟಗಾರ, ಅದೂ ಡಿಫೆಂಡರ್. ತಮ್ಮ ಅಣ್ಣನ ಹೆಜ್ಜೆಯಲ್ಲೇ ನಡೆದು ಯೆವ್ಲೆ ನಗರದ ಬ್ರೂನೆಸ್ ತಂಡವನ್ನು ಸೇರಿದರು. 1971 ಮತ್ತು 1972ರಲ್ಲಿ ಆ ತಂಡ ಸ್ವೀಡನ್ನಿನ ಚಾಂಪಿಯನ್ ಆಯಿತು.

ಅವರು ಕೆನಡಾಕ್ಕೆ ಹೋದ ಬಗೆ ಸ್ವಾರಸ್ಯಕರವಾಗಿದೆ. ಟೊರೊಂಟೊ ಮೇಪಲ್ ಲೀಫ್ಸ್ ತಂಡದ ಪರವಾಗಿ ಆಟಗಾರರನ್ನು ಹುಡುಕುತ್ತಿದ್ದ ಜೆರಿ ಮ್ಯಾಕ್‌ನಮಾರಾ ಸ್ವೀಡನ್ನಿಗೆ ಬಂದದ್ದು ಬೇರೊಬ್ಬ ಗೋಲ್‌ಕೀಪರ್‌ನನ್ನು ನೋಡಲು. ಅಲ್ಲಿ ಬ್ರೂನೆಸ್ ತಂಡ ಕೆನಡಾದ ಹವ್ಯಾಸಿ ತಂಡವೊಂದರ ಎದುರು ಆಡಿದ ಪಂದ್ಯವನ್ನು ಅವರು ನೋಡಿದರು. ಬ್ರೂನೆಸ್‌ನ ಇಂಗೆ ಹಮ್ಮರ್‌ಸ್ಟ್ರೊಮ್ ಗೋಲುಗಳ ಮೇಲೆ ಗೋಲು ಹೊಡೆದರು. ಸಾಲ್ಮಿಂಗ್ ಅವರನ್ನು ಪಂದ್ಯದ ಕೊನೆಯ ಭಾಗದಲ್ಲಿ ರೆಫರಿ ಹೊರಕ್ಕೆ ಕಳಿಸಿದರು. ಮ್ಯಾಕ್‌ನಮಾರಾ ಸಾಲ್ಮಿಂಗ್ ಬೆನ್ನಿಗೇ ಡ್ರೆಸಿಂಗ್ ಕೋಣೆಗೆ ಹೋಗಿ, ಟೊರೊಂಟೊದಲ್ಲಿ ಆಡುತ್ತೀಯಾ ಎಂದು ಕೇಳಿದರು. ಹೊರಹಾಕಿಸಿಕೊಂಡದ್ದೇ ಅದೃಷ್ಟವಾಯಿತು ಎನ್ನಬಹುದು. 1973ರಲ್ಲಿ ಸಾಲ್ಮಿಂಗ್, ಹಮ್ಮರ್‌ಸ್ಟ್ರೊಮ್ ಇಬ್ಬರೂ ಟೊರೊಂಟೊಗೆ ಬಂದರು.

ಆಗಿನ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಬಹುಮಟ್ಟಿಗೆ ಕೆನಡಾದವರದೇ ಆಗಿತ್ತು. ಸ್ವೀಡನ್ನಿನವರಲ್ಲಿ ಉಲ್ಫ್ ಸ್ಟರ್ನರ್ 1965ರಲ್ಲಿ ನ್ಯೂಯಾರ್ಕ್ ರೇಂಜರ್ಸ್ ಪರ ನಾಲ್ಕೇ ಪಂದ್ಯ ಆಡಿ ಮರಳಿದ್ದರು. ಯುರೋಪಿನವರು ನಯವಾಗಿ ಜಾರುತ್ತಾರೆ, ಗುದ್ದಾಟಕ್ಕೆ ಹೆದರುತ್ತಾರೆ ಎಂಬ ನಂಬಿಕೆ ಬಲವಾಗಿತ್ತು. ‘ಚಿಕನ್ ಸ್ವೀಡ್’, ಅಂದರೆ ಹೇಡಿ ಸ್ವೀಡ್, ಎಂಬ ಬೈಗುಳವೇ ಹುಟ್ಟಿಕೊಂಡಿತ್ತು. ಜೇಬಿನಲ್ಲಿ ಆರು ಮೊಟ್ಟೆ ಇಟ್ಟುಕೊಂಡು, ಮೈಗೆ ಮೈ ಬಡಿಯುವ ಅಂಗಳದ ಮೂಲೆಗೆ ಹೋದರೂ ಹಮ್ಮರ್‌ಸ್ಟ್ರೊಮ್ ಒಂದನ್ನೂ ಒಡೆಯದೆ ಬರುತ್ತಾನೆ ಎಂದು ಲೀಫ್ಸ್ ತಂಡದ ಮಾಲೀಕ ಹೆರಾಲ್ಡ್ ಬ್ಯಾಲರ್ಡ್ ಅವರೇ ಗೇಲಿ ಮಾಡಿದ್ದರು. ಸ್ವಂತ ತಂಡದ ಮಾಲೀಕನ ಬಾಯಲ್ಲೇ ಇಂಥ ಮಾತು ಬಂದರೆ ಎದುರಾಳಿಗಳ ವಿಷಯ ಕೇಳಬೇಕೆ? ಎದುರಾಳಿಗಳನ್ನು ಬಡಿದು ಬಗ್ಗಿಸುವುದರಲ್ಲಿ ಕುಖ್ಯಾತಿ ಪಡೆದು, 1974 ಮತ್ತು 1975ರಲ್ಲಿ ಲೀಗ್‌ನ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್ ಗೆದ್ದ ಫಿಲಡೆಲ್ಫಿಯಾ ಫ್ಲೈಯರ್ಸ್ ತಂಡ ಮೊದಲ ವರ್ಷದಲ್ಲೇ ಸಾಲ್ಮಿಂಗ್ ಅವರನ್ನು ಗುರಿಯಾಗಿಸಿಕೊಂಡಿತು. ಅವರು ಹಿಂಜರಿಯಲಿಲ್ಲ, ತಿರುಗಿ ಬಿದ್ದದ್ದೂ ಉಂಟು. ಆದರೆ ನಿಜವಾದ ಉತ್ತರ ಕೊಟ್ಟದ್ದು ಆಟದಲ್ಲಿ. ಮತ್ತೆ ಮತ್ತೆ ಪಕ್‌ಗೆ ಅಡ್ಡ ಬಿದ್ದರು, ಎದ್ದರು, ಅದೇ ಪಕ್ಕನ್ನು ಹೆಕ್ಕಿ ಮುಂದಿನವರಿಗೆ ದಾಟಿಸಿದರು.

ಈ ದಾಟಿಸುವಿಕೆ ಬಹಳ ಮುಖ್ಯ. ಸಾಲ್ಮಿಂಗ್ ಬರಿಯ ಕಾವಲುಗಾರರಲ್ಲ. 1976-77ರ ಋತುವಿನಲ್ಲಿ ಅವರು ಹೊಡೆದದ್ದು 12 ಗೋಲು, ಆದರೆ 66 ಗೋಲುಗಳಿಗೆ ನೆರವಾದರು. ಲೀಫ್ಸ್ ಪರ ಒಟ್ಟು 1,099 ಪಂದ್ಯಗಳಲ್ಲಿ 620 ನೆರವುಗಳು ಅವರ ಹೆಸರಿನಲ್ಲಿವೆ. ಆ ತಂಡದ ಇತಿಹಾಸದಲ್ಲಿ ಇನ್ನಾರೂ ಅಷ್ಟು ನೆರವುಗಳನ್ನು ನೀಡಿಲ್ಲ. ಹಾಗಿದ್ದೂ ಈ ಲೆಕ್ಕದಿಂದ ಡಿಫೆಂಡರ್ ಒಬ್ಬನ ಅರ್ಧ ಕೆಲಸವಷ್ಟೇ ತಿಳಿಯುತ್ತದೆ. ಆಗದೇ ಹೋದ ಗೋಲುಗಳನ್ನು ಯಾವ ಪುಸ್ತಕದಲ್ಲಿ ಬರೆದಿಡುವುದು? ಅತ್ಯುತ್ತಮ ಡಿಫೆಂಡರ್‌ಗೆ ಕೊಡುವ ನಾರಿಸ್ ಟ್ರೋಫಿಯ ಮತದಾನದಲ್ಲಿ ಅವರು 1977 ಮತ್ತು 1980ರಲ್ಲಿ ಎರಡನೆಯವರಾದರು. ಸ್ಟ್ಯಾನ್ಲಿ ಕಪ್ ಅವರಿಗೆ ಒಮ್ಮೆಯೂ ದಕ್ಕಲಿಲ್ಲ.

ದೇಶ ದೇಶಗಳ ತಂಡಗಳು ಸೆಣಸಿದ 1976ರ ಕೆನಡಾ ಕಪ್‌ನಲ್ಲಿ ಅವರು ಸ್ವೀಡನ್ನಿನ ಅಂಗಿ ತೊಟ್ಟು ಟೊರೊಂಟೊದ ಮೇಪಲ್ ಲೀಫ್ ಗಾರ್ಡನ್ಸ್ ಕ್ರೀಡಾಂಗಣಕ್ಕೆ ಬಂದರು. ಎದುರಾಳಿ ಕೆನಡಾ. ಅವರ ಹೆಸರು ಕೂಗಿದೊಡನೆ ಕೆನಡಾದ ಪ್ರೇಕ್ಷಕರು ಎದ್ದು ನಿಂತು ನಿಮಿಷಗಟ್ಟಲೆ ಚಪ್ಪಾಳೆ ತಟ್ಟಿದರು. ಮೂರು ವರ್ಷಗಳ ಹಿಂದಿನ ಬೈಗುಳ ಆ ಊರಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿಯುತ್ತೇನೆ.

1986 ಅವರ ಪಾಲಿಗೆ ಕೆಟ್ಟ ವರ್ಷ. ಹಿಂದೊಮ್ಮೆ ಕೊಕೇನ್ ಸೇವಿಸಿದ್ದಾಗಿ ಅವರೇ ಪತ್ರಿಕೆಯೊಂದಕ್ಕೆ ಹೇಳಿದ್ದರಿಂದ ಲೀಗ್ ಅವರನ್ನು ಎಂಟು ಪಂದ್ಯಗಳಿಂದ ಹೊರಗಿಟ್ಟಿತು. ಅದೇ ನವೆಂಬರ್‌ನಲ್ಲಿ ಡೆಟ್ರಾಯಿಟ್ ಎದುರಿನ ಪಂದ್ಯದಲ್ಲಿ ಗೋಲಿನ ಮುಂದೆ ಕೆಳಗೆ ಬಿದ್ದಿದ್ದಾಗ ಎದುರಾಳಿಯೊಬ್ಬನ ಸ್ಕೇಟಿನ ಅಲಗು ಆಕಸ್ಮಿಕವಾಗಿ ಮುಖದ ಮೇಲೆ ಹಾಯಿತು. ಹಣೆಯಿಂದ ಬಾಯಿಯವರೆಗೆ ಸೀಳಿದ ಗಾಯಕ್ಕೆ ಇನ್ನೂರಕ್ಕೂ ಹೆಚ್ಚು ಹೊಲಿಗೆ ಬಿದ್ದವು. ಆ ಗುರುತನ್ನು ಹೊತ್ತೇ ಅವರು ಮತ್ತೆ ಅಂಗಳಕ್ಕಿಳಿದರು. 1989ರವರೆಗೆ ಟೊರೊಂಟೊದಲ್ಲೂ, ಮುಂದೆ ಒಂದು ವರ್ಷ ಡೆಟ್ರಾಯಿಟ್‌ನಲ್ಲೂ, ಆಮೇಲೆ ಸ್ಟಾಕ್‌ಹೋಮಿನ ಎಐಕೆ ತಂಡದಲ್ಲೂ ಆಡಿದರು. ನಲವತ್ತರ ವಯಸ್ಸಿನಲ್ಲಿ 1992ರ ಚಳಿಗಾಲದ ಒಲಿಂಪಿಕ್ಸ್‌ಗೂ ಹೋದರು. 1996ರಲ್ಲಿ, ಶ್ರೇಷ್ಠ ಆಟಗಾರರನ್ನು ಗೌರವಿಸುವ ಹಾಕಿ ಹಾಲ್ ಆಫ್ ಫೇಮ್ ಸೇರಿದ ಮೊದಲ ಸ್ವೀಡಿಷ್ ಆಟಗಾರರಾದರು.

2022ರಲ್ಲಿ ಅವರಿಗೆ ಎಎಲ್‌ಎಸ್ ಕಾಯಿಲೆ ಇರುವುದು ಗೊತ್ತಾಯಿತು. ನರಕೋಶಗಳು ಸಾಯುತ್ತಾ ಬಂದು ಸ್ನಾಯುಗಳು ಒಂದೊಂದಾಗಿ ಕೈಕೊಡುವ, ಮದ್ದಿಲ್ಲದ ರೋಗವದು. ಆ ನವೆಂಬರ್‌ನಲ್ಲಿ ಅವರು ಟೊರೊಂಟೊಗೆ ಬಂದರು. ಮಾತು ನಿಂತುಹೋಗಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಅವರಿಗೆ ಕೈಬೀಸಬೇಕೆನಿಸಿತು, ತೋಳು ಏಳಲಿಲ್ಲ. ಪಕ್ಕದಲ್ಲಿದ್ದ ಹಳೆಯ ನಾಯಕ ಡ್ಯಾರಿಲ್ ಸಿಟ್ಲರ್ ಅದನ್ನು ಹಿಡಿದು ಮೇಲೆತ್ತಿದರು. ನವೆಂಬರ್ 12ರ ಪಂದ್ಯ ಶುರುವಾದಾಗ ಲೀಫ್ಸ್ ಪರ ಅಂಗಳದಲ್ಲಿ ನಿಂತ ಆರೂ ಜನ, ಗೋಲ್‌ಕೀಪರ್ ಸೇರಿದಂತೆ, ಸ್ವೀಡನ್ನಿನವರೇ ಆಗಿದ್ದರು. ಹನ್ನೆರಡು ದಿನಗಳ ನಂತರ ಸಾಲ್ಮಿಂಗ್ ತೀರಿಕೊಂಡರು.