ಟಾಮಿಯ ಬಾಬಿ

ಕೇಳುಗರೆಲ್ಲರಿಗೂ ನಮಸ್ಕಾರ.

ನವೆಂಬರ್ ತಿಂಗಳ ಮೊದಲ ಮಂಗಳವಾರ ನಾನಿರುವ ಮೆಲ್ಬರ್ನ್ ನಗರಕ್ಕೆ ರಜೆ. ಹಬ್ಬಕ್ಕಲ್ಲ, ಮೆಲ್ಬರ್ನ್ ಕಪ್ ಅನ್ನುವ ಕುದುರೆ ರೇಸಿಗೆ. ಇಲ್ಲಿಗೆ ಬಂದ ಹೊಸದರಲ್ಲಿ ಇದನ್ನು ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ನಂಬಲೇ ಇಲ್ಲ. "ಅಲ್ಲ ಕಣೇ, ರೇಸಿಗೆ ಸ್ಕೂಲಿಗೂ ರಜಾನಾ?" ಅಂದರು. ನಮ್ಮ ಮನೆಯಲ್ಲಿ ರೇಸ್ ಅಂದರೆ ಸಂಸಾರ ಮುಳುಗಿಸುವ ಚಟ ಅಂತಲೇ ಲೆಕ್ಕ. ನಾನೂ ಇವತ್ತಿನವರೆಗೆ ಒಂದು ಕಾಸು ಕಟ್ಟಿದವಳಲ್ಲ. ಆದರೆ ಒಂದು ಕುದುರೆ ಮಾತ್ರ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆ ಕುದುರೆಯ ಕಥೆ, ಅದನ್ನು ನೋಡಿಕೊಂಡ ಲಾಯದ ಹುಡುಗನ ಕಥೆ, ಇವತ್ತು ಹೇಳುತ್ತೇನೆ.

ಕುದುರೆಯ ಹೆಸರು ಫಾರ್ ಲ್ಯಾಪ್. ಹುಟ್ಟಿದ್ದು 1926ರ ಅಕ್ಟೋಬರ್ 4ರಂದು, ನ್ಯೂಜಿಲೆಂಡಿನ ಟಿಮಾರು ಊರಿನ ಹತ್ತಿರ. ಅಪ್ಪ ನೈಟ್ ರೇಡ್, ಅಮ್ಮ ಎಂಟ್ರೀಟಿ. ಸಿಡ್ನಿಯಲ್ಲಿ ಹ್ಯಾರಿ ಟೆಲ್‌ಫರ್ಡ್ ಎಂಬ ಟ್ರೇನರ್ ಇದ್ದ. ಕೈಯಲ್ಲಿ ದುಡ್ಡಿಲ್ಲ, ಹೇಳಿಕೊಳ್ಳುವಂಥ ಹೆಸರೂ ಇಲ್ಲ. ಆದರೆ ಕುದುರೆಗಳ ವಂಶಾವಳಿ ಓದುವುದರಲ್ಲಿ ಗಟ್ಟಿಗ. ಹರಾಜಿನ ಪುಸ್ತಕದಲ್ಲಿ ಈ ಮರಿಯ ಹಿಂದಿನ ತಲೆಮಾರುಗಳನ್ನು ನೋಡಿದವನೇ, 'ಇದು ನನಗೆ ಬೇಕು' ಅಂದುಕೊಂಡ. ಡೇವಿಡ್ ಡೇವಿಸ್ ಎಂಬ ಅಮೆರಿಕದ ವ್ಯಾಪಾರಿಯನ್ನು ಕಾಡಿ ಬೇಡಿ ಒಪ್ಪಿಸಿ, 160 ಗಿನಿಗೆ ಅದನ್ನು ಕೊಡಿಸಿಕೊಂಡ. ಗಿನಿ ಅಂದರೆ ಒಂದು ಪೌಂಡಿಗಿಂತ ಸ್ವಲ್ಪ ಹೆಚ್ಚು.

ಹಡಗಿನಿಂದ ಇಳಿದ ಮರಿಯನ್ನು ನೋಡಿ ಡೇವಿಸ್‌ಗೆ ಎಲ್ಲಿಲ್ಲದ ಸಿಟ್ಟು. ಬಡಕಲು ಮೈ, ಮುಖದ ತುಂಬ ನರೂಲಿ, ನಡೆಯುವುದಂತೂ ಕಾಲು ಎಲ್ಲೋ ಮೈ ಎಲ್ಲೋ ಅನ್ನುವ ಹಾಗೆ. ಇದಕ್ಕೆ ಇನ್ನು ಒಂದು ಕಾಸೂ ಕೊಡುವುದಿಲ್ಲ ಅಂದುಬಿಟ್ಟ. ಕೊನೆಗೆ ಮೂರು ವರ್ಷಕ್ಕೆ ಗುತ್ತಿಗೆ ಮಾತಾಯಿತು. ಸಾಕುವ ಖರ್ಚೆಲ್ಲ ಟೆಲ್‌ಫರ್ಡ್‌ದು, ಗೆದ್ದ ದುಡ್ಡಿನಲ್ಲಿ ಮೂರನೇ ಒಂದು ಪಾಲು ಡೇವಿಸ್‌ಗೆ.

ಹೆಸರಿನ ಕಥೆಯೂ ಚೆನ್ನಾಗಿದೆ. ಥಾಯ್ ಮತ್ತು ಅದರ ನಂಟಿನ ಭಾಷೆಗಳಲ್ಲಿ ಈ ಮಾತಿಗೆ ಮಿಂಚು ಅಂತ ಅರ್ಥ. ಸಿಡ್ನಿಯಲ್ಲಿ ಓದುತ್ತಿದ್ದ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಸೂಚಿಸಿದ ಹೆಸರಂತೆ. ಮೆಲ್ಬರ್ನ್ ಕಪ್ ಗೆದ್ದ ಕೆಲವು ಕುದುರೆಗಳ ಹೆಸರು ಇಂಗ್ಲಿಷಿನಲ್ಲಿ ಎರಡು ಪದ, ಏಳು ಅಕ್ಷರ ಇತ್ತು ಅಂತ, ಎಫ್ ಬದಲು ಪಿ ಎಚ್ ಹಾಕಿ, ಪದವನ್ನು ಎರಡು ಮಾಡಿ ಏಳಕ್ಕೆ ಸರಿದೂಗಿಸಿದರು. ನಮ್ಮೂರಲ್ಲೂ ಹೆಸರಿಗೆ ಒಂದು ಅಕ್ಷರ ಜಾಸ್ತಿ ಸೇರಿಸಿಕೊಳ್ಳುವವರು ಇದ್ದಾರಲ್ವಾ? ನಂಬಿಕೆ ಎಲ್ಲಾ ಕಡೆ ಒಂದೇ.

ಹೆಸರು ಮಿಂಚು, ಆದರೆ ಮೊದಲ ರೇಸಿನಲ್ಲಿ ಬಂದದ್ದು ಕೊನೆಗೆ. ಆಮೇಲಿನ ಮೂರರಲ್ಲೂ ಏನೂ ಇಲ್ಲ. ಟೆಲ್‌ಫರ್ಡ್ ಬಿಡಲಿಲ್ಲ. ಅಷ್ಟು ಹೊತ್ತಿಗೆ ಬೀಜ ತೆಗೆಸಿ ಆಗಿತ್ತು. ಮರಳು ದಿಬ್ಬಗಳ ಮೇಲೆ ಓಡಿಸಿ ಓಡಿಸಿ ಮೈ ಗಟ್ಟಿ ಮಾಡಿಸಿದ. 1929ರ ಏಪ್ರಿಲ್ 27ರಂದು, ಐದನೇ ಓಟದಲ್ಲಿ, ಸಿಡ್ನಿಯ ರೋಸ್‌ಹಿಲ್‌ನಲ್ಲಿ ಮೊದಲ ಗೆಲುವು. ಅದೇ ವರ್ಷ ಸಿಡ್ನಿಯ ಡರ್ಬಿ, ಮೆಲ್ಬರ್ನಿನ ಡರ್ಬಿ ಅನ್ನುವ ದೊಡ್ಡ ರೇಸುಗಳೆರಡನ್ನೂ ಗೆದ್ದಿತು. ಮೆಲ್ಬರ್ನ್ ಕಪ್‌ನಲ್ಲಿ ಮಾತ್ರ ಜಾಕಿ ಹಿಡಿದು ಹಿಡಿದು ಓಡಿಸಲು ಹೋದ, ಕುದುರೆ ಕಡಿವಾಣದ ಜೊತೆ ಜಗಳವಾಡುತ್ತಾ ಮೂರನೆಯದಾಗಿ ಬಂತು.

ಈಗ ಟಾಮಿ ವುಡ್‌ಕಾಕ್ ವಿಷಯಕ್ಕೆ ಬರೋಣ. ಟಾಮಿ ಟೆಲ್‌ಫರ್ಡ್‌ನ ಲಾಯದ ಹುಡುಗ. ನಮ್ಮ ರೇಸ್ ಕೋರ್ಸ್ ಕಡೆಯವರ ಮಾತಿನಲ್ಲಿ ಹೇಳುವುದಾದರೆ ಸೈಸ್. ಉಜ್ಜುವುದು, ನೀರು ಕುಡಿಸುವುದು, ನಡೆಸುವುದು, ರಾತ್ರಿ ಲಾಯದ ಹತ್ತಿರವೇ ಮಲಗುವುದು. ಫಾರ್ ಲ್ಯಾಪ್ ಅಂತ ಅವನು ಕರೆದದ್ದೇ ಕಡಿಮೆ, ಅವನ ಪಾಲಿಗೆ ಅದು ಬಾಬಿ. ಬೇರೆ ಯಾರೇ ಮೇವು ಹಾಕಿದರೂ ಮೂತಿ ತಿರುಗಿಸುತ್ತಿತ್ತಂತೆ, ಟಾಮಿ ಬಂದರೆ ಅವನ ಅಂಗಿಯನ್ನು ಹಿಡಿದು ಜಗಿಯುತ್ತಿತ್ತಂತೆ. ಎಷ್ಟು ಅಂಗಿ ಹರಿದವೋ.

1930ರ ನವೆಂಬರ್ 1, ಶನಿವಾರ. ನಮ್ಮ ರಾಜ್ಯೋತ್ಸವ ಆಗ ಇರಲಿಲ್ಲ, ಆದರೆ ಅದೇ ತಾರೀಕು ಅಂತ ನನಗೆ ಮರೆಯುವುದಿಲ್ಲ. ಮೆಲ್ಬರ್ನ್ ಕಪ್‌ಗೆ ಮೂರು ದಿನ ಇತ್ತು. ಬೆಳಗಿನ ಓಟ ಮುಗಿಸಿ ಟಾಮಿ ತಾನೊಂದು ಪೋನಿ ಏರಿ, ಬಾಬಿಯನ್ನು ಪಕ್ಕದಲ್ಲಿ ಹಿಡಿದುಕೊಂಡು ಬೀದಿಯಲ್ಲಿ ಬರುತ್ತಿದ್ದ. ಕಾರೊಂದು ಹತ್ತಿರ ಬಂತು. ಒಳಗಿನಿಂದ ಕೋವಿಯ ನಳಿಗೆ ಆಚೆ ಬಂದದ್ದು ಕಂಡಿತು. ಟಾಮಿ ಓಡಿಹೋಗಲಿಲ್ಲ. ತನ್ನ ಪೋನಿಯನ್ನು ಕೋವಿಗೂ ಬಾಬಿಗೂ ನಡುವೆ ತಂದು ನಿಲ್ಲಿಸಿದ. ಗುಂಡು ಹಾರಿತು, ಪುಣ್ಯಕ್ಕೆ ಯಾರಿಗೂ ತಗಲಲಿಲ್ಲ.

ಕುದುರೆಗೆ ಯಾಕೆ ಗುಂಡು? ಅದು ಗೆಲ್ಲುತ್ತದೆ ಅಂತ ಊರಿಗೆ ಊರೇ ದುಡ್ಡು ಕಟ್ಟಿತ್ತು. ಗೆದ್ದರೆ ಆ ದುಡ್ಡು ಕಟ್ಟಿಸಿಕೊಂಡ ಬುಕ್ಕಿಗಳ ಕಥೆ ಮುಗಿಯಿತು. ಆ ಕಪ್‌ನಲ್ಲಿ ಹನ್ನೊಂದು ಕಟ್ಟಿದರೆ ಮೇಲೆ ಬರೀ ಎಂಟು ಸಿಗುವಷ್ಟು ದರ ಬಿದ್ದಿತ್ತು. ಅಷ್ಟು ಕಡಿಮೆ ದರಕ್ಕೆ ಮೆಲ್ಬರ್ನ್ ಕಪ್ ಓಡಿದ ಕುದುರೆ ಇನ್ನೊಂದಿಲ್ಲ.

ಗುಂಡು ಹಾರಿದ ಆ ದಿನ ಮಧ್ಯಾಹ್ನವೇ ಫಾರ್ ಲ್ಯಾಪ್ ಒಂದು ರೇಸ್ ಓಡಿ ಗೆದ್ದಿತು! ಆಮೇಲೆ ಅದನ್ನು ಗೀಲಾಂಗ್ ಹತ್ತಿರದ ಒಂದು ಕುದುರೆ ಫಾರ್ಮಿನಲ್ಲಿ ಬಚ್ಚಿಟ್ಟರು. ಕಪ್ ದಿನ ಹೊರಡುವಾಗ ವ್ಯಾನ್ ಸ್ಟಾರ್ಟ್ ಆಗದೆ ಎಲ್ಲರ ಜೀವ ಬಾಯಿಗೆ ಬಂತು. ಅಂತೂ ಹೊತ್ತಿಗೆ ಮುಟ್ಟಿತು. ಮೆಲ್ಬರ್ನ್ ಕಪ್ ಹ್ಯಾಂಡಿಕ್ಯಾಪ್ ರೇಸ್, ಅಂದರೆ ಒಳ್ಳೆಯ ಕುದುರೆಗೆ ಜಾಸ್ತಿ ಭಾರ. ಜಾಕಿಯ ತೂಕ ಸಾಲದಿದ್ದರೆ ಜೀನಿಗೆ ಸೀಸ ಸೇರಿಸುತ್ತಾರೆ. 62.5 ಕೆಜಿ ಹೊತ್ತು, ಜಿಮ್ ಪೈಕ್ ಬೆನ್ನ ಮೇಲಿದ್ದಾಗ, ಫಾರ್ ಲ್ಯಾಪ್ ಮೂರು ಕುದುರೆ ಉದ್ದದಷ್ಟು ಮುಂದೆ ಬಂದು ಗೆದ್ದಿತು. ಗುರುವಾರ ಇನ್ನೊಂದು ಗೆಲುವು, ಶನಿವಾರ ಮತ್ತೊಂದು. ಒಂದು ವಾರದಲ್ಲಿ ನಾಲ್ಕು.

ಆಗ ಇಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡವರು ಗಂಜಿಗೂ ಸಾಲು ನಿಲ್ಲುತ್ತಿದ್ದರು. 160 ಗಿನಿಯ ಕುರೂಪಿ ಕುದುರೆ ಶ್ರೀಮಂತರ ಕುದುರೆಗಳನ್ನು ಹಿಂದೆ ಹಾಕುವುದನ್ನು ನೋಡಿ ಆ ಜನ ಯಾಕೆ ಅಷ್ಟು ಪ್ರೀತಿಸಿದರು ಅಂತ ನನಗೆ ಅರ್ಥವಾಗುತ್ತದೆ.

ಮುಂದಿನ ವರ್ಷ 68 ಕೆಜಿ ಹೊರಿಸಿದರು. ಎಂಟನೆಯದಾಗಿ ಬಂತು. ನನ್ನ ಮಟ್ಟಿಗೆ ಅದು ಅನ್ಯಾಯ. ಮೊದಲೇ ಆಯಾಸಗೊಂಡಿದ್ದ ಪ್ರಾಣಿಗೆ ಅಷ್ಟು ಭಾರ ಹೇರಿ 3200 ಮೀಟರ್ ಓಡಿಸಬಾರದಿತ್ತು.

ಆಮೇಲೆ ಡೇವಿಸ್ ಅದನ್ನು ಅಮೆರಿಕದ ಕಡೆ ಕಳಿಸಿದ. ಟೆಲ್‌ಫರ್ಡ್ ಹೋಗಲಿಲ್ಲ, ಟಾಮಿಯೇ ಟ್ರೇನರ್ ಆಗಿ ಹೋದ. 1932ರ ಮಾರ್ಚ್ 20, ಮೆಕ್ಸಿಕೋದ ಅಗ್ವಾ ಕಲಿಯೆಂಟೆ. ಗೊರಸು ಬಿರುಕು ಬಿಟ್ಟಿತ್ತು, ಊರು ಹೊಸದು, ಹುಲ್ಲಿನ ಬದಲು ಮಣ್ಣಿನ ಟ್ರ್ಯಾಕ್. ಮೊದಲು ಹಿಂದೆ ಉಳಿದ ಕುದುರೆ ಒಂದೊಂದನ್ನೇ ದಾಟಿ, ಆ ಟ್ರ್ಯಾಕಿನ ದಾಖಲೆ ಮುರಿದು ಗೆದ್ದಿತು. 51 ಓಟದಲ್ಲಿ ಅದು 37ನೇ ಗೆಲುವು.

ಹದಿನಾರು ದಿನ. ಏಪ್ರಿಲ್ 5ರ ಬೆಳಿಗ್ಗೆ, ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ, ಟಾಮಿ ಎದ್ದು ನೋಡಿದರೆ ಬಾಬಿಗೆ ಮೈಯೆಲ್ಲ ಜ್ವರ, ಹೊಟ್ಟೆನೋವು. ಅಂಗಳದಲ್ಲಿ ನಡೆಸಿದ, ಮೈ ಉಜ್ಜಿದ. ಯಾವುದೂ ಫಲ ಕೊಡಲಿಲ್ಲ. ಕೆಲವೇ ಗಂಟೆಗಳಲ್ಲಿ ಅವನ ಕೈಯಲ್ಲೇ ಜೀವ ಬಿಟ್ಟಿತು. ಐದೂವರೆ ವರ್ಷ ವಯಸ್ಸು.

ಗೂಂಡಾಗಳು ವಿಷ ಹಾಕಿದರು ಅಂದರು, ಮರಗಳಿಗೆ ಹೊಡೆದ ಔಷಧಿ ಹುಲ್ಲಿಗೆ ಬಿದ್ದಿತ್ತು ಅಂದರು. 2008ರಲ್ಲಿ ವಿಜ್ಞಾನಿಗಳು ಅದರ ಕೂದಲನ್ನು ಪರೀಕ್ಷಿಸಿ, ಸಾಯುವ 30ರಿಂದ 40 ಗಂಟೆ ಮೊದಲು ಆರ್ಸೆನಿಕ್ ಅನ್ನುವ ವಿಷ ತುಂಬಾ ಮೈಗೆ ಹೋಗಿತ್ತು ಅಂತ ತೋರಿಸಿದರು. ಆ ಕಾಲದಲ್ಲಿ ಕುದುರೆಗಳಿಗೆ ಕೊಡುವ ಟಾನಿಕ್‌ಗಳಲ್ಲೂ ಆರ್ಸೆನಿಕ್ ಇರುತ್ತಿತ್ತು. ಹಾಗಾಗಿ ಯಾರ ಮೇಲಾದರೂ ಬೊಟ್ಟು ಮಾಡಲು ನನಗೆ ಮನಸ್ಸು ಬರುವುದಿಲ್ಲ.

ಸತ್ತ ಮೇಲೆ ಅದನ್ನು ಮೂರು ಪಾಲು ಮಾಡಿದರು. ಮೂಳೆ ಹುಟ್ಟಿದ ನಾಡಿಗೆ, ಈಗ ವೆಲ್ಲಿಂಗ್ಟನ್ ಮ್ಯೂಸಿಯಂನಲ್ಲಿದೆ. 6.2 ಕೆಜಿಯ ಭಾರೀ ಹೃದಯ ಕ್ಯಾನ್‌ಬೆರಾದಲ್ಲಿ. ಚರ್ಮ ಇಲ್ಲಿ, ನಮ್ಮ ಮೆಲ್ಬರ್ನಿನಲ್ಲಿ.

ಟಾಮಿ ಕುದುರೆಗಳನ್ನು ಬಿಡಲಿಲ್ಲ. 1977ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವನು ಸಾಕಿ ತಯಾರು ಮಾಡಿದ ರೆಕ್‌ಲೆಸ್ ಮೆಲ್ಬರ್ನ್ ಕಪ್‌ನಲ್ಲಿ ಎರಡನೆಯದಾಗಿ ಬಂತು. 1985ರಲ್ಲಿ ತೀರಿಕೊಂಡ.

ಮೊನ್ನೆ ಮಗಳನ್ನು ಕರೆದುಕೊಂಡು ಮ್ಯೂಸಿಯಂಗೆ ಹೋಗಿದ್ದೆ. ಕತ್ತಲೆ ಕೋಣೆ, ಗಾಜಿನ ಪೆಟ್ಟಿಗೆ, ಮಂದ ಬೆಳಕು. ಕೆಂಗಂದು ಮೈ ಇನ್ನೂ ಹೊಳೆಯುತ್ತಿದೆ. ಬಗ್ಗಿ ನೋಡಿದರೆ ಚರ್ಮದ ಕೆಳಗೆ ನರಗಳು ಉಬ್ಬಿರುವುದೂ ಕಾಣುತ್ತದೆ. ಬೋರ್ಡಿನಲ್ಲಿದ್ದ ಹೆಸರನ್ನು ಮಗಳು ಅಕ್ಷರ ಕೂಡಿಸಿ ಓದಿದಳು. ಇದಕ್ಕೆ ಇನ್ನೊಂದು ಹೆಸರಿದೆ ಅಂತ ಅವಳ ಕಿವಿಯಲ್ಲಿ ಹೇಳಿದೆ. ಹೊರಡುವಾಗ ಅವಳು ಗಾಜಿಗೆ ಕೈಯಿಟ್ಟು, "ಬಾಯ್ ಬಾಬಿ" ಅಂದಳು.

ನಮಸ್ಕಾರ.